ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ ಅಂದರೆ ಟರ್ಬೊ ಹೋಗಿದೆ ಅಂತಲೇ?

ಪ್ರಶ್ನೆ: ನಮ್ಮ ತೋಟದ ಡಬಲ್ ಕ್ಯಾಬ್ ಪಿಕಪ್‌ಗೆ ಹೋದ ವರ್ಷ 31 ಇಂಚಿನ ಟಯರ್, ಲಿಫ್ಟ್ ಕಿಟ್, ಸ್ನಾರ್ಕೆಲ್, ಮುಂದಕ್ಕೆ ಕಬ್ಬಿಣದ ಬಂಪರ್ ಮತ್ತು ವಿಂಚ್ ಹಾಕಿಸಿದೆವು. ಟ್ಯೂನಿಂಗ್ ಬಾಕ್ಸ್ ಕೂಡ ಇದೆ. ಮೊದಮೊದಲು ಚೆನ್ನಾಗಿಯೇ ಇತ್ತು. ಈಗ ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಮೂರನೇ ಗೇರಿನಲ್ಲಿ ಬರುತ್ತಿದ್ದ ಕಡೆ ಸೆಕೆಂಡಿಗೆ ಇಳಿಸಬೇಕು. ಕಪ್ಪು ಹೊಗೆ ಬೇರೆ. ಸಮತಟ್ಟು ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಟರ್ಬೊ ಹೋಗಿದೆ, ಬದಲಾಯಿಸಿ ಅನ್ನುತ್ತಿದ್ದಾರೆ. ಹಾಕಿಸಿಬಿಡಲಾ ಸರ್?

ಉತ್ತರ: ಬೇಡ. ಈಗಲೇ ಬೇಡ.

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಸೋಮವಾರಪೇಟೆಯಿಂದ ಕೇಳುತ್ತಾರೆ, ಒಮ್ಮೆ ನಾಪೋಕ್ಲಿನಿಂದ, ಒಮ್ಮೆ ಸಿದ್ದಾಪುರದಿಂದ. ಹಾಕಿಸಿದ ಸಾಮಾನು ಬೇರೆ ಬೇರೆ, ಕೊನೆಯ ಸಾಲು ಮಾತ್ರ ಒಂದೇ: "ಟರ್ಬೊ ಹೋಗಿದೆ ಅಂತಾರೆ." ಹೇಗೆ ಗೊತ್ತಾಯಿತು, ಏನು ನೋಡಿ ಹೇಳಿದರು ಅಂತ ಕೇಳಿದರೆ ಉತ್ತರವಿಲ್ಲ. ಜ್ವರ ನೋಡದೆ ಇಂಜೆಕ್ಷನ್ ಕೊಟ್ಟ ಹಾಗಾಯಿತು ಇದು. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಟರ್ಬೊ ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆಯ ರಭಸಕ್ಕೆ ತಿರುಗುತ್ತದೆ, ಆ ತಿರುಗುವಿಕೆಯಿಂದ ಗಾಳಿಯನ್ನು ಒತ್ತಿ ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಗಾಳಿ ಬರುವ ದಾರಿ ಸರಿಯಿರಬೇಕು, ಅದು ತಳ್ಳಿದ ಗಾಳಿ ಸೋರದೆ ಇಂಜಿನ್ ತಲುಪಬೇಕು. ಸ್ನಾರ್ಕೆಲ್ (ಎತ್ತರದಿಂದ ಗಾಳಿ ಎಳೆದುಕೊಳ್ಳುವ ಕೊಳವೆ), ಏರ್ ಫಿಲ್ಟರ್, ಟರ್ಬೊ, ಇಂಟರ್‌ಕೂಲರ್ (ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವುದು), ಮ್ಯಾನಿಫೋಲ್ಡ್ (ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವುದು). ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗರ ಕೈಲಿ ಮೊದಲ ವಾರ ಇದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತೇನೆ. ದಾರಿಯಲ್ಲಿ ಐದು ಜಾಗ ಇವೆ, ಅವುಗಳ ನಡುವೆ ನಾಲ್ಕು ಓಸ್ ಪೈಪ್, ಅದರ ಎರಡರಷ್ಟು ಕ್ಲಿಪ್. ಇಷ್ಟೆಲ್ಲ ಇರುವಾಗ ಎಲ್ಲಕ್ಕಿಂತ ದುಬಾರಿ ಸಾಮಾನಿನ ಮೇಲೆಯೇ ಮೊದಲು ಅನುಮಾನ ಯಾಕೆ?

ಟರ್ಬೊ ಹೋಗಿದೆ ಅನ್ನುವವರು ಸಾಮಾನ್ಯವಾಗಿ ಮೂರು ಸಾಕ್ಷಿ ತೋರಿಸುತ್ತಾರೆ. ಮೊದಲನೆಯದು ಎಣ್ಣೆ. ಇಂಟರ್‌ಕೂಲರ್ ಪೈಪ್ ಬಿಚ್ಚಿ, ಒಳಗೆ ಬೆರಳಾಡಿಸಿ, "ನೋಡಿ, ಆಯಿಲ್ ಹೊಡೀತಾ ಇದೆ" ಅಂತ ಮುಖದ ಮುಂದೆ ಹಿಡಿಯುತ್ತಾರೆ. ಓನರ್ ಅಲ್ಲಿಗೇ ಒಪ್ಪಿಬಿಡುತ್ತಾರೆ. ಆದರೆ ಇಂಜಿನ್ ಕ್ರ್ಯಾಂಕ್‌ಕೇಸಿನ ಆವಿ ಬ್ರೀದರ್ ಪೈಪಿನ ಮೂಲಕ ಟರ್ಬೊಗೆ ಮುಂಚೆ ಗಾಳಿಯ ದಾರಿಗೇ ಸೇರುತ್ತದೆ. ಆ ಆವಿಯಲ್ಲಿ ಎಣ್ಣೆಯ ಅಂಶ ಇದ್ದೇ ಇರುತ್ತದೆ. ಚೆನ್ನಾಗಿ ಓಡುವ ಗಾಡಿಯ ಪೈಪ್ ಬಿಚ್ಚಿದರೂ ಒಳಗೆ ಎಣ್ಣೆಯ ಪಸೆ ಸಿಗುತ್ತದೆ. ಪೈಪ್ ಬಗ್ಗಿಸಿದರೆ ಎಣ್ಣೆ ಸುರಿಯಬೇಕು, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರಬೇಕು, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುತ್ತಾ ಹೋಗಬೇಕು. ಆಗ ಟರ್ಬೊ ಮೇಲೆ ಅನುಮಾನ ಪಡೋಣ.

ಎರಡನೆಯದು ಅಲುಗಾಟ. ಟರ್ಬೊದ ಶಾಫ್ಟ್ ಹಿಡಿದು ಅಲ್ಲಾಡಿಸಿ, ಆಡುತ್ತದೆ ಅನ್ನುತ್ತಾರೆ. ಆಡಲೇಬೇಕು. ಅದು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗುವ ಶಾಫ್ಟ್. ನಮ್ಮ ಗಾಡಿಗಳ ಟರ್ಬೊಗಳಲ್ಲಿ ಅದು ಸಾಮಾನ್ಯವಾಗಿ ಎಣ್ಣೆಯ ಪದರದ ಮೇಲೆ ತೇಲಿಕೊಂಡೇ ತಿರುಗುತ್ತದೆ. ಇಂಜಿನ್ ನಿಂತಾಗ ಆ ಪದರ ಇರುವುದಿಲ್ಲ, ಪಕ್ಕಕ್ಕೆ ಸ್ವಲ್ಪ ಆಡುತ್ತದೆ. ನೋಡಬೇಕಾದ್ದು ಹಿಂದೆ ಮುಂದೆ ಎಳೆದಾಗ ಕೈಗೆ ಆಟ ಸಿಗುತ್ತದಾ, ರೆಕ್ಕೆಯ ತುದಿ ಒಳಗೋಡೆಗೆ ಉಜ್ಜಿದ ಗುರುತು ಇದೆಯಾ ಅಂತ.

ಮೂರನೆಯದು ಸದ್ದು. ಏರಿನಲ್ಲಿ ಶಿಳ್ಳೆ ಹೊಡೆದ ಹಾಗೆ ಕೇಳುತ್ತದೆ, ಅದಕ್ಕೆ ಟರ್ಬೊ ಹೋಗಿದೆ ಅನ್ನುವುದು. ಶಿಳ್ಳೆ ಹೊಸದಾಗಿ ಶುರುವಾಗಿದ್ದರೆ, ಬಹಳ ಸಲ ಅದು ಒತ್ತಡದ ಗಾಳಿ ಸಣ್ಣ ಸೀಳಿನಿಂದ ಹೊರಗೆ ನುಗ್ಗುವ ಸದ್ದು. ಸಾಕ್ಷಿ ಸರಿಯಾಗಿಯೇ ಇದೆ, ತೀರ್ಪು ತಪ್ಪು.

"ಹೊಸ ಟರ್ಬೊ ಹಾಕಿದ ಮೇಲೆ ಗಾಡಿ ಸರಿಯಾಯ್ತಲ್ಲ ಸರ್" ಅನ್ನುವವರೂ ಇದ್ದಾರೆ. ಈ ನಂಬಿಕೆ ಬೇರು ಬಿಟ್ಟಿರುವುದೇ ಇಲ್ಲಿ. ಟರ್ಬೊ ಬದಲಾಯಿಸಬೇಕಾದರೆ ಎಲ್ಲ ಪೈಪ್ ಬಿಚ್ಚಬೇಕು, ಎಲ್ಲ ಕ್ಲಿಪ್ ಹೊಸದಾಗಿ ಬಿಗಿಯಬೇಕು. ಜೊತೆಗೆ ಏರ್ ಫಿಲ್ಟರ್ ಹೊಸದು, ಆಯಿಲ್ ಹೊಸದು. ಸೋರುತ್ತಿದ್ದ ಪೈಪ್ ಬಿಗಿಯಾಗಿ ಕೂತಿತು, ಗಾಡಿ ಎಳೆಯಿತು, ಹೆಸರು ಟರ್ಬೊಗೆ ಹೋಯಿತು. ಹದಿನೈದು ದಿನ ಕಳೆದು ಪೈಪ್ ಮತ್ತೆ ಜಾರಿದಾಗ "ಈ ಪೀಸೇ ಸರಿ ಇಲ್ಲ" ಅಂತ ಇನ್ನೊಂದು.

ಹೀಗೆ ಎರಡನೇ ಟರ್ಬೊ ಹಾಕಿಸಿಕೊಂಡೇ ನನ್ನ ಹತ್ತಿರ ಬಂದ ಗಾಡಿ ಒಂದಿದೆ. ಮಾದಾಪುರ ಕಡೆಯ ತೋಟದ್ದು, ಮಳೆಗಾಲದ ನಡುವೆ ಬಂತು. ಅದಕ್ಕೂ ಕಬ್ಬಿಣದ ಬಂಪರ್. ಇಂಟರ್‌ಕೂಲರಿನಿಂದ ಮೇಲೆ ಹೋಗುವ ಓಸನ್ನು ಮೇಲಿಂದ ನೋಡಿದರೆ ಹೊಸದರ ಹಾಗಿತ್ತು. ಕೆಳಗೆ ಕೈ ಹಾಕಿ ತಡವಿದೆ. ಬಂಪರಿನ ಬ್ರ್ಯಾಕೆಟ್ ಉಜ್ಜಿ ಉಜ್ಜಿ ಎರಡು ಇಂಚು ಸೀಳಿತ್ತು. ಐಡಲ್‌ನಲ್ಲಿ ಸೀಳು ಮುಚ್ಚಿಕೊಂಡಿರುತ್ತದೆ, ಏನೂ ಗೊತ್ತಾಗುವುದಿಲ್ಲ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಳಿಯ ಒತ್ತಡ ಹೆಚ್ಚಾದಾಗ ಬಾಯಿ ತೆರೆಯುತ್ತದೆ. ಡೀಸೆಲ್ ಹೋಗುತ್ತದೆ, ಗಾಳಿ ಸಾಲುವುದಿಲ್ಲ, ಕಪ್ಪು ಹೊಗೆ. ಓಸ್ ಬದಲಾಯಿಸಿ, ಬ್ರ್ಯಾಕೆಟ್ಟಿನ ಅಂಚು ಕೊಯ್ದು ಕೊಟ್ಟೆ. ಆ ಓನರ್ ಬಿಲ್ಲನ್ನು ಎರಡು ಸಲ ಓದಿ, ಇಷ್ಟೇನಾ ಅಂತ ಕೇಳಿದರು. ಅವರು ಅಷ್ಟು ಹೊತ್ತಿಗೆ ಎರಡು ಟರ್ಬೊಗೆ ದುಡ್ಡು ಸುರಿದಾಗಿತ್ತು. ನನಗೆ ಆ ದಿನ ಖುಷಿಗಿಂತ ಹೊಟ್ಟೆ ಉರಿದದ್ದೇ ಹೆಚ್ಚು.

ಟರ್ಬೊ ಹೋಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೋಗುತ್ತದೆ. ಆದರೆ ಹೆಚ್ಚಿನ ಸಲ ಅದನ್ನು ಬೇರೆ ಯಾವುದೋ ಒಂದು ಕೊಂದಿರುತ್ತದೆ: ಎಣ್ಣೆ ಸರಿಯಾಗಿ ತಲುಪದೆ ಇರುವುದು, ಫಿಲ್ಟರ್ ದಾಟಿ ಬಂದ ಧೂಳು, ಒಳಗೆ ಬಿದ್ದ ಸ್ಕ್ರೂ. ಆ ಕೊಂದದ್ದನ್ನು ಹಿಡಿಯದೆ ಹೊಸದು ಕೂರಿಸಿದರೆ ಅದಕ್ಕೂ ಅದೇ ಗತಿ.

ಇನ್ನು ನಿಮ್ಮ ಗಾಡಿಗೆ ಬರೋಣ. ಮೊದಲು ಟ್ಯೂನಿಂಗ್ ಬಾಕ್ಸ್ ಕಿತ್ತು, ಕಂಪನಿಯ ಕನೆಕ್ಟರ್ ಇದ್ದ ಹಾಗೆ ಜೋಡಿಸಿ. ಈ ಬಾಕ್ಸ್‌ಗಳಲ್ಲಿ ಹೆಚ್ಚಿನವು ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನ (ರೈಲ್ ಅನ್ನುತ್ತಾರೆ) ಒತ್ತಡವನ್ನು ಇದ್ದದ್ದಕ್ಕಿಂತ ಕಡಿಮೆ ಅಂತ ಇಂಜಿನ್ನಿನ ಕಂಪ್ಯೂಟರಿಗೆ ಸುಳ್ಳು ಹೇಳುತ್ತವೆ. ಅದನ್ನು ನಂಬಿ ಕಂಪ್ಯೂಟರ್ ಒತ್ತಡ ಏರಿಸುತ್ತದೆ. ಬಾಕ್ಸ್ ಇರುವಾಗ ಸ್ಕ್ಯಾನರ್ ಹಾಕಿದರೆ ಅದರಲ್ಲಿ ಕಾಣುವುದೂ ಆ ಸುಳ್ಳೇ. ಆ ನಂಬರ್ ಇಟ್ಟುಕೊಂಡು ಇಂಜೆಕ್ಟರ್, ಪಂಪ್ ಅಂತ ಬಿಚ್ಚಿಸಿದವರನ್ನು ಕಂಡಿದ್ದೇನೆ.

ಆಮೇಲೆ ಹೊಗೆಯ ಬಣ್ಣ. ಎಳೆತ ಇಲ್ಲ, ಕಪ್ಪು ಹೊಗೆ ಇದೆ ಅಂದರೆ ಗಾಳಿ ಸಾಲುತ್ತಿಲ್ಲ. ಎಳೆತವೂ ಇಲ್ಲ ಹೊಗೆಯೂ ಇಲ್ಲ ಅಂದರೆ ಡೀಸೆಲ್ ಸಾಲುತ್ತಿಲ್ಲ, ಇಲ್ಲವೇ ಕಂಪ್ಯೂಟರ್ ತಾನೇ ಶಕ್ತಿ ಕಟ್ ಮಾಡಿದೆ. ಆಗ ಸಾಮಾನ್ಯವಾಗಿ ಇಂಜಿನ್ ಲೈಟ್ ಉರಿಯುತ್ತಿರುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಯಾದರೆ ಈ ಲೆಕ್ಕ ನೇರವಾಗಿ ಸಿಗುವುದಿಲ್ಲ. ಅದರ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಹೊಗೆ ಹೊರಗೆ ಕಾಣದೆ ಒಳಗೇ ಕಟ್ಟಿಕೊಳ್ಳುತ್ತದೆ. ನಿಮ್ಮದು ಕಪ್ಪು ಹೊಗೆ ಬಿಡುತ್ತಿದೆ, ಹಾಗಾಗಿ ಗಾಳಿಯ ದಾರಿ ಹಿಡಿದು ಹೋಗಿ.

ಸ್ನಾರ್ಕೆಲ್‌ನಿಂದಲೇ ಶುರು ಮಾಡಿ. ತೋಡು ದಾಟಲು ಅಂತ ಹಾಕಿಸುತ್ತೀರಿ, ಸರಿ. ಅದರ ಬಾಯಿ ಮುಂದಕ್ಕೆ ತಿರುಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬೀಳುವ ಮಳೆ ನೇರ ಅದರೊಳಗೆ. ಫಿಲ್ಟರ್ ಡಬ್ಬದ ಅಡಿಯಲ್ಲಿ ನೀರು ಬಸಿಯಲು ಕಂಪನಿಯವರು ಒಂದು ಸಣ್ಣ ರಬ್ಬರ್ ಬಾಯಿ ಕೊಟ್ಟಿರುತ್ತಾರೆ. ಸ್ನಾರ್ಕೆಲ್ ಕೂರಿಸುವವರು ಹೊಳೆ ನೀರು ಒಳಗೆ ಬರಬಾರದು ಅಂತ ಅದನ್ನು ಗಮ್ ಹಾಕಿ ಮುಚ್ಚುತ್ತಾರೆ. ಮೇಲಿನ ತಲೆಯಲ್ಲೂ ನೀರು ಬಸಿಯುವ ದಾರಿ ಇಲ್ಲದಿದ್ದರೆ ಬಂದ ನೀರು ಡಬ್ಬದಲ್ಲೇ ನಿಂತು, ಪೇಪರ್ ಫಿಲ್ಟರ್ ನೆಂದು ಉಬ್ಬುತ್ತದೆ. ಗಾಳಿ ಹೋಗುವುದು ಎಲ್ಲಿಂದ? ಡಬ್ಬ ತೆಗೆದು ಫಿಲ್ಟರ್ ಮುಟ್ಟಿ ನೋಡುವುದಕ್ಕೆ ಐದು ನಿಮಿಷ ಸಾಕು.

ಮುಂದೆ, ಟರ್ಬೊದಿಂದ ಮ್ಯಾನಿಫೋಲ್ಡ್‌ವರೆಗಿನ ಪೈಪ್. ಕಣ್ಣಿಗೆ ನಂಬಿಕೆ ಕೊಡಬೇಡಿ, ಇಂಜಿನ್ ಆಫ್ ಮಾಡಿ ಒತ್ತಡ ಕೊಟ್ಟು ನೋಡಿ. ಟರ್ಬೊಗೆ ಗಾಳಿ ಹೋಗುವ ಬಾಯಿಗೆ ಅಳತೆಗೆ ಸರಿಯಾದ ಮುಚ್ಚಳ, ಅದರಲ್ಲಿ ಒಂದು ಟ್ಯೂಬ್ ವಾಲ್ವ್. ಬ್ರೀದರ್ ಪೈಪ್ ಆ ಮುಚ್ಚಳದಿಂದ ಮುಂದೆ ಸೇರುವುದಾದರೆ ಅದನ್ನು ಬಿಡಿಸಿ ಬಾಯಿ ಮುಚ್ಚಿ. ಒಂದು ಬಾರ್ ಒಳಗೇ ಗಾಳಿ ತುಂಬಿ, ಎಲ್ಲ ಜಾಯಿಂಟಿಗೂ ಸೋಪಿನ ನೀರು ಹಚ್ಚಿ. ಪಂಕ್ಚರ್ ಅಂಗಡಿಯಲ್ಲಿ ನೋಡಿದ ಹಾಗೆಯೇ, ಗುಳ್ಳೆ ಬಂದಲ್ಲಿ ಸೋರಿಕೆ. ಬಂಪರ್, ವಿಂಚ್ ಕೂರಿಸಿದ ಜಾಗದ ಸುತ್ತ ಓಸಿನ ಅಡಿಭಾಗ ಬೆರಳಲ್ಲಿ ತಡವಿ. ಮಾರ್ಪಾಡು ಮಾಡಿದ ಗಾಡಿಯಲ್ಲಿ ಕೊನೆಗೆ ಯಾರ ಸ್ಪ್ಯಾನರ್ ಎಲ್ಲಿ ಬಿದ್ದಿತ್ತೋ ತೊಂದರೆ ಹೆಚ್ಚಾಗಿ ಅಲ್ಲೇ ಇರುತ್ತದೆ.

ಅಲ್ಲೇ ಟರ್ಬೊ ಆಕ್ಚುಯೇಟರಿಗೆ (ಟರ್ಬೊದ ಒತ್ತಡವನ್ನು ಹತೋಟಿಯಲ್ಲಿಡುವ ಭಾಗಕ್ಕೆ) ಹೋಗುವ ಸಣ್ಣ ವ್ಯಾಕ್ಯೂಮ್ ಪೈಪನ್ನೂ ನೋಡಿಬಿಡಿ. ಕಣದ ಪಕ್ಕದ ಶೆಡ್ಡಿನಲ್ಲಿ, ಕಾಫಿ ಮೂಟೆಗಳ ಮಧ್ಯೆ ಗಾಡಿ ನಿಲ್ಲಿಸುತ್ತೀರಲ್ಲ, ಇಲಿಗೆ ಆ ಪೈಪ್ ಅಂದರೆ ಬಲು ಪ್ರೀತಿ.

ಸ್ಕ್ಯಾನರ್ ಹಾಕಿಸುವುದಾದರೆ ಒಂದು ಮಾತು ನೆನಪಿಡಿ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದಾಗ ಮ್ಯಾನಿಫೋಲ್ಡ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಿ ಅದು 1013 ಮಿಲಿಬಾರ್. ಮಡಿಕೇರಿ ಇರುವುದು ಸುಮಾರು 1150 ಮೀಟರ್ ಎತ್ತರದಲ್ಲಿ, ಇಲ್ಲಿ 880ರ ಆಸುಪಾಸು ಬಂದರೆ ಸೆನ್ಸರ್ ಸರಿಯಾಗಿದೆ. ಮಂಗಳೂರಿನಲ್ಲಿ ಕಲಿತ ನಂಬರ್ ಹಿಡಿದುಕೊಂಡು ಒಳ್ಳೆಯ ಸೆನ್ಸರನ್ನೇ ಕಿತ್ತು ಎಸೆಯಬೇಡಿ. ಇದನ್ನು ಕೇಳಿದ ಕೂಡಲೇ "ಹಾಗಾದರೆ ಎತ್ತರಕ್ಕೇ ಎಳೆತ ಕಡಿಮೆಯಾಗಿರಬಹುದಾ" ಅನ್ನಬೇಡಿ. ಹೋದ ವರ್ಷವೂ ಮಡಿಕೇರಿ ಇಷ್ಟೇ ಎತ್ತರದಲ್ಲಿತ್ತು.

ಗಾಳಿಯ ದಾರಿ ಸರಿಯಿದ್ದರೆ ಮಾತ್ರ ಇ.ಜಿ.ಆರ್. ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ ಒಳಗೆ ಬಿಡುವ ವಾಲ್ವ್) ತೆರೆದೇ ಸಿಕ್ಕಿಕೊಂಡಿದೆಯಾ ನೋಡಿ. ಡೀಸೆಲ್ ಫಿಲ್ಟರಿನ ಅಡಿಯ ನೀರು ಬಿಡಿ. ತೋಟದ ಬ್ಯಾರಲ್‌ನಿಂದ ಡೀಸೆಲ್ ಹಾಕುವವರಾದರೆ ಮಳೆಗಾಲದಲ್ಲಿ ಇದನ್ನು ವಾರಕ್ಕೊಮ್ಮೆ ಮಾಡಿ. ಆರ್‌ಪಿಎಂ ಏರಿ ಗಾಡಿ ಏರದಿದ್ದರೆ ಅದು ಕ್ಲಚ್, ಇಂಜಿನ್ ಅಲ್ಲವೇ ಅಲ್ಲ.

ಇನ್ನು ಟಯರ್. 215/75 ಆರ್ 15 ಟಯರಿನ ಎತ್ತರ ಸುಮಾರು 703 ಮಿಲಿಮೀಟರ್. 31 ಇಂಚು ಅಂದರೆ 787. ನಿಮ್ಮ ಗಾಡಿಯ ಮೂಲ ಟಯರ್ ಆ ಅಳತೆಯದೇ ಆಗಿದ್ದರೆ, ಹೆಚ್ಚುಕಡಿಮೆ ಶೇಕಡ 12 ದೊಡ್ಡದು. ಎಲ್ಲ ಗೇರ್‌ಗಳೂ ಅಷ್ಟು ಉದ್ದವಾದವು, ಚಕ್ರ ನೆಲವನ್ನು ತಳ್ಳುವ ಬಲ ಆ ಲೆಕ್ಕಕ್ಕೇ ಇಳಿಯಿತು. ಕಬ್ಬಿಣದ ಬಂಪರಿನ, ವಿಂಚಿನ ಭಾರ ಬೇರೆ. ಗಾಡಿಯಲ್ಲಿ ಒಂದೂ ದೋಷ ಇಲ್ಲದಿದ್ದರೂ ಏರಿನಲ್ಲಿ ಸ್ವಲ್ಪ ನಷ್ಟ ಆಗಿಯೇ ಆಗುತ್ತದೆ, ಅದನ್ನು ಯಾವ ಟರ್ಬೊವೂ ತಂದುಕೊಡುವುದಿಲ್ಲ. ಮೈಲೇಜ್ ಬಿದ್ದಿದೆ ಅಂತಲೂ ನಿಮಗೆ ಅನಿಸುತ್ತಿರಬಹುದು. ನೀವು 100 ಕಿಲೋಮೀಟರ್ ಓಡಿದರೆ ಮೀಟರ್ ತೋರಿಸುವುದು 89, ಹಾಗಾಗಿ ಬಿದ್ದದ್ದರಲ್ಲಿ ಒಂದಷ್ಟು ಬರೀ ಲೆಕ್ಕದ್ದು. ಮೀಟರಿನಲ್ಲಿ 60 ಅಂದರೆ ನಿಜಕ್ಕೂ 67ರಲ್ಲಿ ಇದ್ದೀರಿ.

ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಹತ್ತುವುದರ ಬಗ್ಗೆ ಇಷ್ಟು ಕೇಳುತ್ತೀರಿ, ಇಳಿಯುವುದರ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಟಯರ್ ಶೇಕಡ 12 ದೊಡ್ಡದಾದರೆ ಅದೇ ಬ್ರೇಕ್ ಅದೇ ಒತ್ತಿಗೆ ನೆಲದ ಮೇಲೆ ಕೊಡುವ ಹಿಡಿತವೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಇಂಜಿನ್ ಹಿಡಿದುಕೊಳ್ಳುವುದೂ ಕಡಿಮೆ. ಮಾಕುಟ್ಟ ಘಾಟ್ ಇಳಿಯುವಾಗ ಹಿಂದೆ ಮೂರನೇ ಗೇರ್ ಸಾಕಿದ್ದ ಕಡೆ ಈಗ ಸೆಕೆಂಡಿನಲ್ಲೇ ಇಳಿಯಬೇಕು. ಕಾಗದಪತ್ರದ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ತಾಳೆಯಾಗದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂದಿದೆ.

ದಂಡಕ್ಕಿಂತ ನನಗೆ ಭಯ ಇರುವುದು ಲಿಫ್ಟ್ ಕಿಟ್ಟಿನ ಬಗ್ಗೆ. ಬಹಳಷ್ಟು ಪಿಕಪ್‌ಗಳಲ್ಲಿ ಚಾಸಿಯಿಂದ ಹಿಂದಿನ ಆಕ್ಸಲ್‌ಗೆ ಒಂದು ಸಣ್ಣ ಕಡ್ಡಿ ಬಂದಿರುತ್ತದೆ. ಅದು ಲೋಡ್ ಎಷ್ಟಿದೆ ಅಂತ ಅಳೆದು ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವಿನದು. ಲೋಡ್ ಹಾಕಿದರೆ ಚಾಸಿ ಕೆಳಗೆ ಕೂರುತ್ತದೆ, ಕಡ್ಡಿ ಸರಿಯುತ್ತದೆ, ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಸಿಗುತ್ತದೆ. ಲಿಫ್ಟ್ ಕಿಟ್ ಹಾಕಿದ ಮೇಲೆ ಚಾಸಿ ಯಾವಾಗಲೂ ಮೇಲೆಯೇ. ಇಪ್ಪತ್ತು ಮೂಟೆ ಕಾಫಿ ಹೇರಿದ್ದರೂ ಆ ವಾಲ್ವ್ ಗಾಡಿ ಖಾಲಿ ಇದೆ ಅಂದುಕೊಳ್ಳುತ್ತದೆ, ಹಿಂದಿನ ಚಕ್ರ ಅರ್ಧಂಬರ್ಧ ಹಿಡಿಯುತ್ತದೆ. ಓಸ್ ನೋಡಲು ಗಾಡಿ ಕೆಳಗೆ ಮಲಗಿದಾಗ ಹಾಗೇ ಹಿಂದಕ್ಕೂ ಸರಿದು ಆ ಕಡ್ಡಿ ಎಲ್ಲಿದೆ ನೋಡಿ. ಕಿಟ್ ಹಾಕಿದವರು ಅದರ ಬ್ರ್ಯಾಕೆಟ್ ಹೊಂದಿಸದೆ ಬಿಟ್ಟಿದ್ದರೆ, ಏರಿನ ವಿಷಯ ಆಮೇಲೆ, ಅದನ್ನು ಸರಿ ಮಾಡಿಸುವವರೆಗೆ ಲೋಡ್ ಹಾಕಿ ಘಾಟ್ ಇಳಿಸಬೇಡಿ.