ಹಾಲಿನ ಜಿಡ್ಡು ಮತ್ತು ಪ್ರೋಟೀನ್ ಅಳೆಯುವ ಸ್ವಯಂಚಾಲಿತ ಯಂತ್ರ: ಅಧ್ಯಯನ ಟಿಪ್ಪಣಿ

ಇಂದಿನ ಕರ್ನಾಟಕದ ಮೊದಲ ಡೇರಿ 1955ರಲ್ಲಿ ನಮ್ಮ ಕೊಡಗಿನ ಕೂಡಿಗೆಯಲ್ಲಿ ಆರಂಭವಾಯಿತು. ಡೇರಿಗಳಲ್ಲಿ ಬಹುಕಾಲ ಜಿಡ್ಡಿನ ಪರೀಕ್ಷೆಯೆಂದರೆ ಗರ್ಬರ್ ವಿಧಾನವೇ ಆಗಿತ್ತು: 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಬೆರೆಸಿ, ತಿರುಗಿಸಿ, ಮೇಲೆ ನಿಂತ ಜಿಡ್ಡನ್ನು ಗೀಟುಗಳಲ್ಲಿ ಓದುವುದು. ಪ್ರೋಟೀನಿಗೆ ಕೆಲ್ಡಾಲ್ ವಿಧಾನದಲ್ಲಿ ಸಾರಜನಕವನ್ನು ಅಳೆದು 6.38ರಿಂದ ಗುಣಿಸಬೇಕು, ಇದಕ್ಕೆ ಗಂಟೆಗಳೇ ಹಿಡಿಯುತ್ತವೆ.

ಅವಕೆಂಪು (ಇನ್‌ಫ್ರಾರೆಡ್) ಕಿರಣದ ಯಂತ್ರವು ಇವೆರಡನ್ನೂ ಒಂದು ನಿಮಿಷದೊಳಗೆ ಹೇಳುತ್ತದೆ. ಜಿಡ್ಡಿನ ಎಸ್ಟರ್ ಬಂಧವು ಸುಮಾರು 5.7 ಮೈಕ್ರೋಮೀಟರ್ ತರಂಗಾಂತರದ ಕಿರಣವನ್ನೂ, ಅದರ ಇಂಗಾಲ–ಜಲಜನಕ ಬಂಧವು 3.5ರ ಆಸುಪಾಸಿನದನ್ನೂ, ಪ್ರೋಟೀನಿನ ಪೆಪ್ಟೈಡ್ ಬಂಧವು 6.5ರ ಸಮೀಪದ್ದನ್ನೂ ಹೀರಿಕೊಳ್ಳುತ್ತವೆ. ನೀರು ಕೂಡ ಈ ಕಿರಣಗಳನ್ನು ಬಲವಾಗಿ ಹೀರುವುದರಿಂದ, ಹಾಲು ಹರಿಯುವ ಕೋಶದ ದಪ್ಪವನ್ನು ಕೂದಲೆಳೆಯಷ್ಟು ತೆಳುವಾಗಿ ಇಟ್ಟಿರುತ್ತಾರೆ.

ಜಿಡ್ಡಿನ ಗೋಳಗಳ ಗಾತ್ರವೂ ಹೆಚ್ಚುಕಡಿಮೆ ಈ ತರಂಗಾಂತರಗಳಷ್ಟೇ ಇರುತ್ತದೆ, ಆದ್ದರಿಂದ ಅವು ಬೆಳಕನ್ನು ಚದುರಿಸುತ್ತವೆ. ಯಂತ್ರದೊಳಗಿನ ಹೋಮೋಜಿನೈಸರ್ ಅವನ್ನು ಒಡೆದು ಸಣ್ಣದಾಗಿಸದೆ ಹೋದರೆ ಜಿಡ್ಡಿನ ಅಂಕಿಯನ್ನು ನಂಬುವಂತಿಲ್ಲ. ಒಮ್ಮೆ ಯಂತ್ರದಿಂದ ಹೊರಬಂದ ಹಾಲನ್ನೇ ಮತ್ತೆ ಹಾಯಿಸಿ ನೋಡಿ: ಎರಡು ಅಂಕಿಗಳು ಸ್ಪಷ್ಟವಾಗಿ ಬೇರೆಯಾದರೆ ಹೋಮೋಜಿನೈಸರ್ ಸವೆದಿದೆ ಎಂದೇ ತಿಳಿಯಬೇಕು.

ನನ್ನ ದೃಷ್ಟಿಯಲ್ಲಿ ಹೆಚ್ಚಿನ ತಪ್ಪುಗಳು ಯಂತ್ರಕ್ಕಿಂತ ಮೊದಲೇ, ಸ್ಯಾಂಪಲ್ ಬಾಟಲಿಯಲ್ಲೇ ಆಗುತ್ತವೆ. ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಮಳೆಗಾಲದ) ಚಳಿಯಲ್ಲಿ ಮುಚ್ಚಳದ ಒಳಗೆ ಹಳದಿ ಕೆನೆ ಅಂಟಿಕೊಂಡಿರುತ್ತದೆ. ಬಾಟಲಿಯನ್ನು 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಟ್ಟು ಕೆನೆ ಕರಗಿಸಿ, ಹಲವು ಬಾರಿ ಮೆಲ್ಲಗೆ ತಲೆಕೆಳಗು ಮಾಡಬೇಕು; ಜೋರಾಗಿ ಕುಲುಕಿದರೆ ನೊರೆ ಏಳುತ್ತದೆ, ಬೆಣ್ಣೆಯ ಕಣಗಳೂ ಕಟ್ಟಬಹುದು. ಪ್ರೋಟೀನ್ ಎಂದಿನಂತಿದ್ದು ಜಿಡ್ಡು ಮಾತ್ರ ಇಳಿದಿದ್ದರೆ ಮೊದಲು ಮುಚ್ಚಳವನ್ನೇ ನೋಡಿ, ಏಕೆಂದರೆ ಆ ಕೆನೆ ಒಬ್ಬ ರೈತರ ದುಡ್ಡು.

ಮಳೆಗಾಲದ ತೇವವೂ ತೊಂದರೆ ಕೊಡುತ್ತದೆ. ನೀರಾವಿ ಇದೇ ಕಿರಣಗಳನ್ನು ಹೀರುತ್ತದೆ, ಕೆಲವು ಯಂತ್ರಗಳ ಪೊಟ್ಯಾಸಿಯಂ ಬ್ರೋಮೈಡ್ ಭಾಗವನ್ನು ಕೆಡಿಸುತ್ತದೆ. ಆದ್ದರಿಂದ ಯಂತ್ರದೊಳಗೆ ತೇವ ಹೀರಲು ಇಟ್ಟ ನೀಲಿ ಸಿಲಿಕಾ ಜೆಲ್ ಗುಲಾಬಿಯಾದ ಕೂಡಲೇ ಬದಲಿಸಬೇಕು.

ಯಂತ್ರವು ಬೆಳಕನ್ನು ಅಂಕಿಯಾಗಿಸಲು ಕಲಿಯುವುದು ಗರ್ಬರ್, ಕೆಲ್ಡಾಲ್‌ನಂಥ ವಿಧಾನಗಳಿಂದ ಪರೀಕ್ಷಿಸಿದ ಹಾಲಿನಿಂದಲೇ. ಕೆಲ್ಡಾಲ್ ಪ್ರೋಟೀನಲ್ಲದ ಯೂರಿಯಾದ ಸಾರಜನಕವನ್ನೂ ಎಣಿಸುವುದರಿಂದ, ಹೊಂದಾಣಿಕೆ ಮಾಡಿದ್ದು ಒಟ್ಟು ಸಾರಜನಕಕ್ಕೋ ನಿಜ ಪ್ರೋಟೀನಿಗೋ ಎಂಬುದನ್ನು ಬರೆದಿಟ್ಟುಕೊಳ್ಳಬೇಕು.

ಹಳ್ಳಿಯ ಸಂಘಗಳಲ್ಲಿ ಕಾಣುವ ಸಣ್ಣ ಯಂತ್ರಗಳಲ್ಲಿ ಹಲವು ಶ್ರವಣಾತೀತ ಧ್ವನಿಯಿಂದ (ಅಲ್ಟ್ರಾಸೌಂಡ್) ಅಳೆಯುವಂಥವು. ಬಿಸಿಯಾದಂತೆ ಧ್ವನಿಯ ವೇಗ ನೀರಿನಲ್ಲಿ ಏರುತ್ತದೆ, ಜಿಡ್ಡಿನಲ್ಲಿ ಇಳಿಯುತ್ತದೆ. ಬೇರೆ ಬೇರೆ ಉಷ್ಣತೆಗಳಲ್ಲಿ ಅಳೆದು ಯಂತ್ರ ಲೆಕ್ಕ ಹಾಕುತ್ತದೆ. ಇಲ್ಲಿ ಪ್ರೋಟೀನ್ ನೇರ ಅಳತೆಯಲ್ಲ, ಸೂತ್ರದಿಂದ ಬಂದ ಅಂದಾಜು. ಗಾಳಿಗುಳ್ಳೆಗಳು ಧ್ವನಿಯನ್ನು ತಡೆಯುವುದರಿಂದ, ಆಗತಾನೇ ಕರೆದ ನೊರೆಹಾಲನ್ನು ಸ್ವಲ್ಪ ಹೊತ್ತು ಬಿಟ್ಟು, ನೊರೆ ಇಳಿದ ಮೇಲೆ ಮತ್ತೆ ಮೆಲ್ಲಗೆ ಬೆರೆಸಿ ಯಂತ್ರಕ್ಕೆ ಇಡಬೇಕು.