ಕೊಡೋದಿಲ್ಲ ಅಂದರೆ ಎಷ್ಟು ದಿನ ತಡೆಯಬಹುದು? ಇಂಧನ ಮತ್ತು ಮೈತ್ರಿಯ ಚರ್ಚೆಗೆ ಟಿಪ್ಪಣಿ

ಚರ್ಚಾಸ್ಪರ್ಧೆಗಳಲ್ಲಿ ಈ ವಿಷಯ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ: "ಇಂಧನದಲ್ಲಿ ಸ್ವಾವಲಂಬಿಯಾದ ದೇಶಕ್ಕೆ ವಿದೇಶಿ ಮೈತ್ರಿ ಬೇಕಿಲ್ಲ." ಪರ ಮಾತಾಡುವವರು ಅಮೆರಿಕದ ಉದಾಹರಣೆ ಹಿಡಿಯುತ್ತಾರೆ. ವಿರೋಧ ಮಾತಾಡುವವರು ಅಮೆರಿಕ ಮತ್ತು ಯುರೋಪ್ ದೇಶಗಳ ಸೈನಿಕ ಮೈತ್ರಿಯಾದ ನ್ಯಾಟೊ ಹಿಡಿಯುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ತಾಗುವುದೇ ಇಲ್ಲ. ಯಾಕೆಂದರೆ ಸ್ವಾವಲಂಬನೆಯನ್ನು ಯಾವುದರಿಂದ ಅಳೆಯಬೇಕು ಅಂತ ಯಾರೂ ಮೊದಲು ಹೇಳಿರುವುದಿಲ್ಲ.

ಹೆಚ್ಚಿನವರು ಆಮದಿನ ಪ್ರಮಾಣ ನೋಡುತ್ತಾರೆ. ಬಳಸುವುದರಲ್ಲಿ ಶೇ. ಇಷ್ಟು ಹೊರಗಿನದು, ಅಷ್ಟೇ ಪರಾವಲಂಬನೆ. ಇದು ಸಾಲದು ಅನ್ನೋದು ನನ್ನ ವಾದ. ನಾನು ಕೇಳುವ ಪ್ರಶ್ನೆ ಬೇರೆ: ಈಗ ಕೊಡುತ್ತಿರುವವರು ನಾಳೆ ಕೊಡೋದಿಲ್ಲ ಅಂದರೆ, ಬೇರೆ ಕಡೆಯಿಂದ ತರಿಸಲು ಎಷ್ಟು ಕಾಲ ಬೇಕು? ಅಲ್ಲಿಯವರೆಗೆ ತಡೆಯುವಷ್ಟು ದಾಸ್ತಾನು ಇದೆಯಾ? ಕೆಳಗಿನ ಪ್ರತಿ ಉದಾಹರಣೆಯನ್ನೂ ಈ ಪ್ರಶ್ನೆ ಇಟ್ಟುಕೊಂಡೇ ಓದಿ.

1973: ಮೈತ್ರಿಗಳು ಅಲುಗಾಡಿದ ಚಳಿಗಾಲ

1973ರ ಅಕ್ಟೋಬರ್ 6ರಂದು ಈಜಿಪ್ಟ್ ಮತ್ತು ಸಿರಿಯಾ ಇಸ್ರೇಲ್ ಮೇಲೆ ದಾಳಿ ಮಾಡಿದವು. ಹನ್ನೊಂದು ದಿನ ಕಳೆದ ಮೇಲೆ ಅರಬ್ ತೈಲ ದೇಶಗಳು ಉತ್ಪಾದನೆ ಕಡಿತ ಘೋಷಿಸಿದವು. ಇಸ್ರೇಲ್‌ಗೆ ಬೆಂಬಲ ಕೊಟ್ಟ ಅಮೆರಿಕ ಮತ್ತು ನೆದರ್ಲೆಂಡ್ಸ್‌ಗೆ ತೈಲ ಕೊಡುವುದನ್ನೇ ನಿಲ್ಲಿಸಿದವು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು.

ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಆದರೆ ಚರ್ಚೆಗೆ ಬೇಕಾದ ವಿವರ ಇದರ ಒಳಗಿದೆ. ನಿಷೇಧಕ್ಕೆ ಗುರಿಯಾದ ನೆದರ್ಲೆಂಡ್ಸ್‌ನಲ್ಲಿ ತೈಲ ಪೂರ್ತಿ ಖಾಲಿಯಾಗಲಿಲ್ಲ. ತೈಲ ಬರುತ್ತಿದ್ದುದು ಹಡಗಿನಲ್ಲಿ. ಅರಬ್ ತೈಲ ಬೇರೆ ದೇಶಗಳಿಗೆ ಹೋಯಿತು. ಆ ದೇಶಗಳಿಗೆ ಹೋಗಬೇಕಿದ್ದ ಬೇರೆ ಕಡೆಯ ತೈಲವನ್ನು ಕಂಪನಿಗಳು ಇತ್ತ ತಿರುಗಿಸಿದವು. ಅಂದರೆ ಒಬ್ಬರನ್ನೇ ಗುರಿ ಮಾಡಿದ ನಿಷೇಧ ಅಷ್ಟಾಗಿ ಕೆಲಸ ಮಾಡಲಿಲ್ಲ. ಒಟ್ಟು ಉತ್ಪಾದನೆಯ ಕಡಿತ ಕೆಲಸ ಮಾಡಿತು. ಅದರ ಬಿಸಿ ಸ್ನೇಹಿತ, ಶತ್ರು, ತಟಸ್ಥ ಅನ್ನದೆ ಎಲ್ಲರಿಗೂ ತಟ್ಟಿತು.

ಈಗ ಮಿತ್ರರು ಏನು ಮಾಡಿದರು ನೋಡಿ. ಜಪಾನ್ ಅಮೆರಿಕದ ರಕ್ಷಣೆಯಲ್ಲಿದ್ದ ದೇಶ. ಆದರೂ ಅದೇ ನವೆಂಬರ್‌ನಲ್ಲಿ ಅರಬ್ ದೇಶಗಳಿಗೆ ಹತ್ತಿರವಾಗುವಂಥ ಹೇಳಿಕೆ ಕೊಟ್ಟಿತು. ಯುರೋಪಿನ ಒಂಬತ್ತು ದೇಶಗಳ ಸಮುದಾಯವೂ ಹಾಗೇ ಮಾಡಿತು. ಸೈನಿಕ ಒಪ್ಪಂದ ಒಂದಕ್ಷರವೂ ಬದಲಾಗಿರಲಿಲ್ಲ. ಆದರೆ ಟ್ಯಾಂಕ್ ಖಾಲಿಯಾಗುತ್ತಿದ್ದಾಗ ಒಬ್ಬೊಬ್ಬರೂ ತಮ್ಮ ದಾರಿ ನೋಡಿಕೊಂಡರು.

ಇದಕ್ಕೆ ಎರಡು ಬಗೆಯ ಉತ್ತರ ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಅಧ್ಯಕ್ಷ ನಿಕ್ಸನ್ 1973ರ ನವೆಂಬರ್‌ನಲ್ಲಿ 1980ರೊಳಗೆ ಅಮೆರಿಕ ಇಂಧನದಲ್ಲಿ ತನ್ನ ಕಾಲ ಮೇಲೆ ನಿಲ್ಲಬೇಕು ಅಂತ ಗುರಿ ಇಟ್ಟರು. ಅದು ಆಗಲಿಲ್ಲ. 2005ರ ಹೊತ್ತಿಗೆ ಅಮೆರಿಕ ಬಳಸುತ್ತಿದ್ದ ತೈಲದಲ್ಲಿ ಸುಮಾರು ಶೇ. 60 ಹೊರಗಿನಿಂದ ಬರುತ್ತಿತ್ತು.

ಎರಡನೆಯದು 1974ರ ನವೆಂಬರ್‌ನಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ. ಅದರ ನಿಯಮದ ಪ್ರಕಾರ ಸದಸ್ಯ ದೇಶಗಳು ಕನಿಷ್ಠ 90 ದಿನಗಳ ನಿವ್ವಳ ಆಮದಿನಷ್ಟು ತೈಲ ದಾಸ್ತಾನು ಇಡಬೇಕು. ಕೊರತೆ ಬಂದರೆ ಒಟ್ಟಾಗಿ ಬಿಡುಗಡೆ ಮಾಡಬೇಕು. ಅಮೆರಿಕ ಟೆಕ್ಸಾಸ್ ಮತ್ತು ಲೂಸಿಯಾನಾದ ನೆಲದಡಿಯ ಉಪ್ಪಿನ ಗುಹೆಗಳಲ್ಲಿ ತೈಲ ತುಂಬಿಟ್ಟದ್ದು ಇದೇ ಕಾಲದ ಯೋಜನೆ. ಅಂದ ಹಾಗೆ, ಫ್ರಾನ್ಸ್ ಆಗ ಈ ಸಂಸ್ಥೆ ಸೇರಲಿಲ್ಲ, 1992ರಲ್ಲಿ ಸೇರಿತು. 1974ರಲ್ಲಿ ಅದು ಅಣುವಿದ್ಯುತ್ತಿನ ದೊಡ್ಡ ಯೋಜನೆ ಹಿಡಿಯಿತು. ಈಗ ಅಲ್ಲಿನ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಎರಡು ಭಾಗ ಅಣುಸ್ಥಾವರಗಳದ್ದು. ಪರ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅಮೆರಿಕ: ತೈಲ ಸ್ವಂತದ್ದು, ಬೆಲೆ ಲೋಕದ್ದು

ಬಂಡೆಗಳ ಪದರದಲ್ಲಿ ಸಿಕ್ಕಿಕೊಂಡಿರುವ ಶೇಲ್ ತೈಲ ಎತ್ತುವ ತಂತ್ರ ಬಂದ ಮೇಲೆ ಚಿತ್ರ ಬದಲಾಯಿತು. 2020ರಲ್ಲಿ ಅಮೆರಿಕ ಇಡೀ ವರ್ಷದ ಲೆಕ್ಕದಲ್ಲಿ ಆಮದಿಗಿಂತ ಜಾಸ್ತಿ ತೈಲ ಮತ್ತು ತೈಲೋತ್ಪನ್ನ ರಫ್ತು ಮಾಡಿತು. ಪರ ವಾದಿಗಳು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನೀವು ಮುಂದಕ್ಕೆ ಹೋಗಿ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಅದೇ ಜೂನ್‌ನಲ್ಲಿ ಅಮೆರಿಕದ ಸರಾಸರಿ ಪೆಟ್ರೋಲ್ ಬೆಲೆ ಗ್ಯಾಲನ್‌ಗೆ 5 ಡಾಲರ್ ದಾಟಿತು. ಸ್ವಂತ ತೈಲ ಇದ್ದೂ ಹೀಗಾಯಿತು, ಅಲ್ವಾ? ಯಾಕೆಂದರೆ ಬಾವಿ ಕಂಪನಿಯದ್ದು, ಕಂಪನಿ ಲೋಕದ ಮಾರುಕಟ್ಟೆಯ ಬೆಲೆಗೆ ಮಾರುತ್ತದೆ.

ಇನ್ನೊಂದು ವಿಷಯ. ಅಮೆರಿಕ ಈಗಲೂ ದಿನಕ್ಕೆ 60 ಲಕ್ಷ ಬ್ಯಾರೆಲ್ ಆಸುಪಾಸು ಕಚ್ಚಾತೈಲ ತರಿಸುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆನಡಾದ್ದು. ಅಲ್ಲಿನ ಎಷ್ಟೋ ಸಂಸ್ಕರಣಾಗಾರಗಳನ್ನು ಕಟ್ಟಿರುವುದು ಗಟ್ಟಿ, ಭಾರದ ತೈಲಕ್ಕೆ. ಶೇಲ್ ತೈಲ ತೆಳು, ಹಗುರ. ಒಟ್ಟು ಲೆಕ್ಕ ಸರಿದೂಗಿದರೂ ಯಂತ್ರ ಕೇಳುವ ತೈಲ ಬೇರೆ. ಈ ಒಂದು ವಿವರ ಎದುರಾಳಿಯ ಅರ್ಧ ಭಾಷಣ ಬೀಳಿಸಬಲ್ಲದು.

ಕೊಳವೆ ಮತ್ತು ಹಡಗು

ಗ್ಯಾಸ್ ತೈಲದಂತಲ್ಲ. ಕೊಳವೆಯಲ್ಲಿ ಬರುವ ಗ್ಯಾಸ್‌ಗೆ ಆ ತುದಿಯಲ್ಲಿ ಒಬ್ಬನೇ ಮಾರಾಟಗಾರ, ಈ ತುದಿಯಲ್ಲಿ ಗೊತ್ತಾದ ಗಿರಾಕಿ. ಕೊಳವೆಯನ್ನು ಇನ್ನೊಂದು ಕಡೆ ತಿರುಗಿಸಲು ಆಗುವುದಿಲ್ಲ. ಅದೇ ಗ್ಯಾಸನ್ನು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣ್ಣಗೆ ಮಾಡಿದರೆ ದ್ರವವಾಗುತ್ತದೆ. ಗಾತ್ರ ಸುಮಾರು 600 ಪಟ್ಟು ಕುಗ್ಗುತ್ತದೆ. ಆಗ ಅದನ್ನು ಹಡಗಿಗೆ ತುಂಬಬಹುದು, ಹಡಗನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು. ಎಲ್‌ಎನ್‌ಜಿ ಅಂದರೆ ಇದೇ. ತಣ್ಣಗೆ ಮಾಡಲು, ಸಾಗಿಸಲು, ಮತ್ತೆ ಅನಿಲ ಮಾಡಲು ಖರ್ಚು ಬೀಳುತ್ತದೆ. ಹಾಗಾಗಿ ಸಾಮಾನ್ಯವಾಗಿ ಇದು ತುಟ್ಟಿ.

ಲಿಥುವೇನಿಯಾದ ಕಥೆ ಇಲ್ಲಿ ಬರುತ್ತದೆ. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಉದಾಹರಣೆ ಇದೇ, ಸ್ವಲ್ಪ ನಿಧಾನವಾಗಿ ಓದಿ. ಬಾಲ್ಟಿಕ್ ಸಮುದ್ರದ ದಡದ, 30 ಲಕ್ಷಕ್ಕಿಂತ ಕಡಿಮೆ ಜನರ ದೇಶ. 2004ರಲ್ಲೇ ನ್ಯಾಟೊ ಮತ್ತು ಐರೋಪ್ಯ ಒಕ್ಕೂಟ ಎರಡನ್ನೂ ಸೇರಿತ್ತು. ಆದರೂ 2014ರವರೆಗೆ ಅದರ ಗ್ಯಾಸ್ ಎಲ್ಲ ಬರುತ್ತಿದ್ದುದು ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗಾಜ್‌ಪ್ರೋಮ್ ಒಂದರಿಂದಲೇ. ಯುರೋಪಿನಲ್ಲೇ ದುಬಾರಿ ಬೆಲೆ ಕೊಡುತ್ತಿದ್ದ ದೇಶಗಳಲ್ಲಿ ಅದೂ ಒಂದು. ಕೇಳುವಂತಿಲ್ಲ, ಬೇರೆ ಅಂಗಡಿಯೇ ಇಲ್ಲ.

2014ರ ಅಕ್ಟೋಬರ್ 27ರಂದು ಕ್ಲೈಪೆಡಾ ಬಂದರಿಗೆ ಒಂದು ಹಡಗು ಬಂತು. ಉದ್ದ 294 ಮೀಟರ್. ಹೆಸರು 'ಇಂಡಿಪೆಂಡೆನ್ಸ್'. ದ್ರವ ಗ್ಯಾಸನ್ನು ತನ್ನೊಳಗೇ ಬಿಸಿ ಮಾಡಿ ದಡದ ಕೊಳವೆಗೆ ಬಿಡುವ ತೇಲುವ ಟರ್ಮಿನಲ್ ಅದು. ಹಡಗು ಬರುವ ಮೊದಲೇ, ಅದೇ ವರ್ಷದ ಮೇ ತಿಂಗಳಲ್ಲಿ, ಗಾಜ್‌ಪ್ರೋಮ್ ತನ್ನ ಬೆಲೆಯನ್ನು ಸುಮಾರು ಐದನೇ ಒಂದರಷ್ಟು ಇಳಿಸಿತ್ತು. ಒಂದು ಹನಿ ಗ್ಯಾಸ್ ತರದೆ ಬರಿಯ ಸಾಧ್ಯತೆಯೇ ಬೆಲೆ ಇಳಿಸಿತು.

ಇದಕ್ಕೆ ದೇಶದೊಳಗೇ ಟೀಕೆ ಇತ್ತು. ಮುಂದಿನ ಕೆಲವು ವರ್ಷ ಹಡಗಿನ ಸಾಮರ್ಥ್ಯ ಪೂರ್ತಿ ಬಳಕೆಯಾಗಲಿಲ್ಲ, ಅದರ ಖರ್ಚನ್ನು ಗ್ಯಾಸ್ ಬಳಕೆದಾರರೇ ಹೊರಬೇಕಿತ್ತು. ಸುಮ್ನೆ ಯಾಕೆ ದುಡ್ಡು ಸುರಿಯುವುದು ಅಂತ ಕೇಳಿದವರದ್ದು ನ್ಯಾಯವಾದ ಪ್ರಶ್ನೆಯೇ. ಉತ್ತರ 2022ರ ಏಪ್ರಿಲ್‌ನಲ್ಲಿ ಬಂತು. ಐರೋಪ್ಯ ಒಕ್ಕೂಟದಲ್ಲಿ ರಷ್ಯಾದ ಗ್ಯಾಸ್ ಪೂರ್ತಿ ಬಿಟ್ಟ ಮೊದಲ ದೇಶ ಲಿಥುವೇನಿಯಾ. ಅದೇ ತಿಂಗಳ 27ರಂದು ರಷ್ಯಾ ಪೋಲೆಂಡ್ ಮತ್ತು ಬಲ್ಗೇರಿಯಾಕ್ಕೆ ಗ್ಯಾಸ್ ನಿಲ್ಲಿಸಿತು.

ಇನ್ನು ಮುಖ್ಯ ಮಾತು. ಆ ಹಡಗು ಕಟ್ಟಿದ್ದು ದಕ್ಷಿಣ ಕೊರಿಯಾದಲ್ಲಿ. ಬಾಡಿಗೆಗೆ ಕೊಟ್ಟದ್ದು ನಾರ್ವೆಯ ಕಂಪನಿ. ಮೊದಲ ಗ್ಯಾಸ್ ಒಪ್ಪಂದವೂ ನಾರ್ವೆಯ ಕಂಪನಿಯೊಂದಿಗೆ. ಅಂದರೆ ಈ ಸ್ವಾವಲಂಬನೆಯನ್ನು ಕಟ್ಟಿಕೊಟ್ಟದ್ದೇ ಹೊರಗಿನ ಸ್ನೇಹ. ವಿದ್ಯುತ್ತಿನಲ್ಲೂ ಇದೇ ಆಯಿತು. ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ ಮೂರೂ ಸೋವಿಯತ್ ಕಾಲದ ವಿದ್ಯುತ್ ಜಾಲದಲ್ಲೇ ಉಳಿದಿದ್ದವು, ಅದರ ನಿಯಂತ್ರಣ ಮಾಸ್ಕೋದಲ್ಲಿತ್ತು. 2025ರ ಫೆಬ್ರವರಿ 8ರಂದು ಕಳಚಿಕೊಂಡವು. ಮರುದಿನ ಪೋಲೆಂಡ್ ಮೂಲಕ ಯುರೋಪಿನ ಜಾಲ ಸೇರಿದವು. ಚರ್ಚೆಯ ಹೇಳಿಕೆಯನ್ನು ವಿರೋಧಿಸುವವರಿಗೆ ನನ್ನ ಸಲಹೆ ಇಷ್ಟೆ: ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನುವ ನ್ಯಾಟೊದ ಐದನೇ ವಿಧಿಯಿಂದ ಶುರು ಮಾಡಬೇಡಿ, ಈ ಹಡಗಿನಿಂದ ಶುರು ಮಾಡಿ.

ಜರ್ಮನಿ ಎದುರು ದಿಕ್ಕಿನಲ್ಲಿ ನಡೆಯಿತು. 2021ರಲ್ಲಿ ಅದರ ಗ್ಯಾಸ್ ಆಮದಿನಲ್ಲಿ ಅರ್ಧಕ್ಕಿಂತ ಜಾಸ್ತಿ ರಷ್ಯಾದ್ದು. ಸ್ವಂತ ಎಲ್‌ಎನ್‌ಜಿ ಟರ್ಮಿನಲ್ ಒಂದೂ ಇರಲಿಲ್ಲ. ಯುದ್ಧ ಶುರುವಾದ ಮೇಲೆ ಅವಸರದಲ್ಲಿ ಕೆಲಸಕ್ಕಿಳಿದು 2022ರ ಡಿಸೆಂಬರ್‌ನಲ್ಲಿ ವಿಲ್ಹೆಲ್ಮ್ಸ್‌ಹಾಫನ್‌ನಲ್ಲಿ ಮೊದಲ ತೇಲುವ ಟರ್ಮಿನಲ್ ತೆರೆಯಿತು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಉತ್ತರ ಹತ್ತು ತಿಂಗಳು. ಆ ಹತ್ತು ತಿಂಗಳಲ್ಲಿ ಯುರೋಪಿನ ಗ್ಯಾಸ್ ಬೆಲೆ ಒಂದು ಹಂತದಲ್ಲಿ ಮೆಗಾವಾಟ್-ಗಂಟೆಗೆ 300 ಯೂರೋ ದಾಟಿತು.

ಆ ಬೆಲೆ ಕೊಟ್ಟು ಯುರೋಪ್ ಹಡಗುಗಳನ್ನು ತನ್ನತ್ತ ಸೆಳೆಯಿತು. ಪಾಕಿಸ್ತಾನ ಮತ್ತು ಬಾಂಗ್ಲಾದೇಶಕ್ಕೆ ಅಷ್ಟು ದುಡ್ಡು ಕೊಡಲು ಆಗಲಿಲ್ಲ, ಅಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಯಿತು. ಇದನ್ನು ನಿಮ್ಮ ಭಾಷಣದಲ್ಲಿ ದಯವಿಟ್ಟು ಸೇರಿಸಿ. ಶ್ರೀಮಂತ ದೇಶಗಳ ಇಂಧನ ಭದ್ರತೆಯ ಬಗ್ಗೆ ಮಾತಾಡುವಾಗ ಕತ್ತಲಲ್ಲಿ ಕೂತವರ ಲೆಕ್ಕ ಬಿಟ್ಟುಹೋಗುತ್ತದೆ, ಅದು ಬಿಟ್ಟುಹೋಗಬಾರದು.

ಬಲ ಎತ್ತ ಸರಿಯುತ್ತಿದೆ?

ಈ ಭಾಗದಲ್ಲಿ ಎಲ್ಲರೂ ಎಲ್ಲ ಒಕ್ಕೂಟಗಳ ಪಟ್ಟಿ ಓದುತ್ತಾರೆ. ಬೇಡ. ಎರಡು ಮೂರು ಘಟನೆ ಸಾಕು. 2022ರ ಅಕ್ಟೋಬರ್‌ನಲ್ಲಿ, ಅಮೆರಿಕ ಬೇಡ ಅಂದರೂ, ಸೌದಿ ಅರೇಬಿಯಾ ಮತ್ತು ರಷ್ಯಾ ಇರುವ, ತೈಲ ಮಾರುವ ದೇಶಗಳ ಒಪೆಕ್ ಪ್ಲಸ್ ಗುಂಪು ದಿನಕ್ಕೆ 20 ಲಕ್ಷ ಬ್ಯಾರೆಲ್ ಉತ್ಪಾದನೆ ಕಡಿತ ಘೋಷಿಸಿತು. 2023ರ ಮಾರ್ಚ್‌ನಲ್ಲಿ ಸೌದಿ ಮತ್ತು ಇರಾನ್ ಮತ್ತೆ ರಾಜತಾಂತ್ರಿಕ ಸಂಬಂಧ ಬೆಳೆಸಲು ಒಪ್ಪಿದ್ದು ಬೀಜಿಂಗ್‌ನಲ್ಲಿ. 2017ರಿಂದ ಕಚ್ಚಾತೈಲದ ಅತಿ ದೊಡ್ಡ ಗಿರಾಕಿ ಚೀನಾ. ದೊಡ್ಡ ಗಿರಾಕಿಯ ಮಾತಿಗೆ ತೂಕ ಇರುತ್ತದೆ.

ರಷ್ಯಾದ ತೈಲವೂ ದಾರಿ ಬದಲಿಸಿತು. ಯುರೋಪ್ ಬಿಟ್ಟದ್ದನ್ನು ಚೀನಾ ಮತ್ತು ಭಾರತ ರಿಯಾಯಿತಿಯಲ್ಲಿ ಕೊಂಡವು. ಭಾರತದ ಕಚ್ಚಾತೈಲ ಆಮದಿನಲ್ಲಿ ಯುದ್ಧಕ್ಕೆ ಮೊದಲು ಬಹಳ ಸಣ್ಣದಿದ್ದ ರಷ್ಯಾದ ಪಾಲು ಎರಡೇ ವರ್ಷದಲ್ಲಿ ಮೂರನೇ ಒಂದು ಭಾಗದ ಹತ್ತಿರ ಬಂತು. 2025ರ ಆಗಸ್ಟ್‌ನಲ್ಲಿ ಇದೇ ಕಾರಣ ಕೊಟ್ಟು ಅಮೆರಿಕ ಭಾರತದ ಸರಕಿನ ಮೇಲೆ ಶೇ. 25 ಹೆಚ್ಚುವರಿ ಸುಂಕ ಹಾಕಿತು. ಅಗ್ಗದ ತೈಲಕ್ಕೂ ಇನ್ನೊಂದು ಕಡೆಯಿಂದ ಬಿಲ್ ಬರುತ್ತದೆ ಅನ್ನುವುದಕ್ಕೆ ಉದಾಹರಣೆಯಾಗಿ ಇದನ್ನು ಎರಡೂ ಪಕ್ಷದವರು ಬಳಸಬಹುದು.

ಇಲ್ಲಿ ಜಾಣ ಎದುರಾಳಿ ಒಂದು ಬಾಣ ಬಿಡುತ್ತಾರೆ: "ಸೌರಶಕ್ತಿಗೆ ಹೋದರೂ ಪ್ಯಾನೆಲ್ ಚೀನಾದ್ದೇ ತಾನೆ? ಒಬ್ಬರನ್ನು ಬಿಟ್ಟು ಇನ್ನೊಬ್ಬರ ಕೈಗೆ ಬಿದ್ದಂತೆ." ಸತ್ಯಾಂಶ ಇದೆ. ಸೌರ ಪ್ಯಾನೆಲ್ ತಯಾರಿಯ ಪ್ರತಿ ಹಂತದಲ್ಲೂ ಚೀನಾದ ಪಾಲು ಶೇ. 80ಕ್ಕಿಂತ ಜಾಸ್ತಿ. ಬಲವಾದ ಮ್ಯಾಗ್ನೆಟ್ ಮಾಡಲು ಬೇಕಾದ ವಿರಳ ಲೋಹಗಳ (ರೇರ್ ಅರ್ತ್) ಶುದ್ಧೀಕರಣದಲ್ಲೂ ಅದರದ್ದೇ ಮೇಲುಗೈ. 2025ರ ಏಪ್ರಿಲ್‌ನಲ್ಲಿ ಅಂಥ ಏಳು ಲೋಹಗಳ ರಫ್ತಿಗೆ ಅದು ಲೈಸೆನ್ಸ್ ಕಡ್ಡಾಯ ಮಾಡಿತು.

ಆದರೆ ನಮ್ಮ ಅಳತೆಗೋಲು ತೆಗೆಯಿರಿ. ಗ್ಯಾಸ್ ನಿಂತರೆ ಇವತ್ತು ಉರಿಯುತ್ತಿರುವ ಒಲೆ ಆರುತ್ತದೆ. ಪ್ಯಾನೆಲ್ ಮಾರಾಟ ನಿಂತರೆ ಈಗಾಗಲೇ ಹಾಕಿರುವ ಪ್ಯಾನೆಲ್ ಕರೆಂಟ್ ಕೊಡುತ್ತಲೇ ಇರುತ್ತದೆ, ಇಪ್ಪತ್ತು ಇಪ್ಪತ್ತೈದು ವರ್ಷ. ಹೊಸದು ಕಟ್ಟುವುದು ನಿಲ್ಲುತ್ತದೆ ಅಷ್ಟೆ. ಅಷ್ಟರೊಳಗೆ ಬೇರೆ ಕಾರ್ಖಾನೆ ಕಟ್ಟಬಹುದು. ಎರಡೂ ಅವಲಂಬನೆಯೇ ನಿಜ, ಆದರೆ ಒಂದರಲ್ಲಿ ಕೈಯಲ್ಲಿರುವ ಕಾಲ ಕೆಲವು ವಾರ, ಇನ್ನೊಂದರಲ್ಲಿ ವರ್ಷಗಳು. ವಿರಳ ಲೋಹಗಳಿಗೆ ಮಾತ್ರ ಇದೇ ಉತ್ತರ ಕೊಡಬೇಡಿ. ವಾಹನ ಕಾರ್ಖಾನೆಗೆ ಮ್ಯಾಗ್ನೆಟ್ ಬರದಿದ್ದರೆ ಉತ್ಪಾದನೆ ಬೇಗ ನಿಲ್ಲುತ್ತದೆ. 2025ರಲ್ಲಿ ಹಾಗೇ ಆಯಿತು.

ತಯಾರಿಟ್ಟುಕೊಳ್ಳಬೇಕಾದ ಕಷ್ಟದ ಪ್ರಶ್ನೆ

"ಯುರೋಪ್ ರಷ್ಯಾ ಬಿಟ್ಟು ಅಮೆರಿಕ ಹಿಡಿಯಿತು, ಏನು ಬದಲಾಯಿತು?" ಇದು ಬಂದೇ ಬರುತ್ತದೆ. 2023ರಲ್ಲಿ ಅಮೆರಿಕ ಲೋಕದ ಅತಿ ದೊಡ್ಡ ಎಲ್‌ಎನ್‌ಜಿ ರಫ್ತುದಾರ ದೇಶವಾಯಿತು. ಯುರೋಪ್ ಕೊಳ್ಳುವ ಎಲ್‌ಎನ್‌ಜಿಯಲ್ಲಿ ಸುಮಾರು ಅರ್ಧ ಅದರದ್ದು. 2024ರ ಜನವರಿಯಲ್ಲಿ ಬೈಡನ್ ಸರ್ಕಾರ ಹೊಸ ರಫ್ತು ಪರವಾನಗಿಗಳನ್ನು ತಡೆಹಿಡಿಯಿತು. ಮುಂದಿನ ವರ್ಷ ಟ್ರಂಪ್ ಸರ್ಕಾರ ಆ ತಡೆ ತೆಗೆಯಿತು. ಮಿತ್ರ ದೇಶದ ಚುನಾವಣೆಯೂ ನಿಮ್ಮ ಇಂಧನ ನೀತಿಯ ಭಾಗ ಅಂತ ಇದರಿಂದ ತಿಳಿಯುತ್ತದೆ. ಹಾಗಾಗಿ ಏನೂ ಅಪಾಯ ಇಲ್ಲ ಅಂತ ಹೇಳಬೇಡಿ, ಸುಳ್ಳಾಗುತ್ತದೆ. ಬದಲಾದದ್ದು ಇಷ್ಟು: ಅಮೆರಿಕದ ಹಡಗು ಬರುವ ಟರ್ಮಿನಲ್‌ಗೆ ಅಲ್ಜೀರಿಯಾ, ನೈಜೀರಿಯಾ, ಕತಾರ್ ಹಡಗೂ ಬರಬಹುದು. ಕೊಳವೆಗೆ ಆ ಅನುಕೂಲ ಇರಲಿಲ್ಲ.

ಎದುರಾಳಿ ಓದಿಕೊಂಡು ಬಂದಿದ್ದರೆ ತಕ್ಷಣ ಇರಾನ್ ಮತ್ತು ಒಮಾನ್ ನಡುವಿನ ಹೊರ್ಮುಜ್ ಜಲಸಂಧಿಯ ಮಾತು ಎತ್ತುತ್ತಾರೆ. ಕತಾರ್ ಗ್ಯಾಸ್ ಹಡಗು ಆ ಜಲಸಂಧಿ ದಾಟಿಯೇ ಬರಬೇಕು. ಅತಿ ಕಿರಿದಾದ ಕಡೆ ಅದರ ಅಗಲ ಸುಮಾರು 33 ಕಿಲೋಮೀಟರ್. 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್ ತೈಲ ಅಲ್ಲಿಂದ ಹೋಯಿತು, ಲೋಕ ಬಳಸುವುದರಲ್ಲಿ ಐದನೇ ಒಂದು ಭಾಗ. ಅದರಲ್ಲಿ ಹೆಚ್ಚಿನದು ಏಷ್ಯಾಕ್ಕೆ. ಕೊಳವೆಗೆ ಒಬ್ಬ ಮಾರಾಟಗಾರ ಇದ್ದರೆ ಹಡಗಿಗೆ ಇಂಥ ಇಕ್ಕಟ್ಟಿನ ದಾರಿಗಳಿವೆ. ಆ ದಾರಿ ತೆರೆದಿಡುವುದು ಒಂದು ದೇಶದ ತೈಲಬಾವಿಯಿಂದ ಆಗುವ ಕೆಲಸ ಅಲ್ಲ, ಹಲವು ದೇಶಗಳ ನೌಕಾಪಡೆ ಮತ್ತು ಮಾತುಕತೆಯ ಕೆಲಸ. ವಿರೋಧ ಪಕ್ಷದಲ್ಲಿದ್ದರೆ ನಿಮ್ಮ ಕೊನೆಯ ನಿಮಿಷವನ್ನು ಇದಕ್ಕೆ ಉಳಿಸಿಕೊಳ್ಳಿ. ಪರ ಪಕ್ಷದಲ್ಲಿದ್ದರೆ ಫ್ರಾನ್ಸ್‌ನ ಅಣುವಿದ್ಯುತ್ತಿಗೆ ಮರಳಿ, ಜೊತೆಗೆ ಯುರೇನಿಯಂ ಎಲ್ಲಿಂದ ಬರುತ್ತದೆ ಅನ್ನೋ ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ಅಲ್ಲಿ ನಿಮಗೆ ಅನುಕೂಲವಾದ ಅಂಶ ಒಂದಿದೆ: ಯುರೇನಿಯಂ ಗಾತ್ರದಲ್ಲಿ ಸಣ್ಣದು, ವರ್ಷಗಟ್ಟಲೆಗೆ ಸಾಕಾಗುವಷ್ಟನ್ನು ಮೊದಲೇ ತರಿಸಿ ಇಟ್ಟುಕೊಳ್ಳಬಹುದು.