ಚರ್ಚಿನ ಚಂದಾ: ಎರಡನೇ ಸಲ ಕೈ ಹಿಂದಕ್ಕೆ ಹೋಗುವುದೇಕೆ?

ಪ್ರಶ್ನೆ: ನಮ್ಮದು ಬೆಂಗಳೂರಿನ ಒಂದು ಧರ್ಮಕೇಂದ್ರ, ಸುಮಾರು 600 ಕುಟುಂಬಗಳಿವೆ. ಮೂರು ವರ್ಷದ ಹಿಂದೆ ಸಮುದಾಯ ಭವನಕ್ಕೆ ಚಂದಾ ಎತ್ತಿದಾಗ ಜನ ಧಾರಾಳವಾಗಿ ಕೊಟ್ಟರು. ಈಗ ಚರ್ಚಿನ ಚಾವಣಿ ಸೋರುತ್ತಿದೆ, 20 ಲಕ್ಷ ಬೇಕು. ಮನೆಗೆ ಇಷ್ಟು ಎಂದು ಗೊತ್ತುಮಾಡಿ, ಪ್ರತಿ ಭಾನುವಾರ ಪ್ರಕಟಣೆ ಮಾಡಿಸಿದರೂ ಅದೇ ಜನ ಈ ಸಲ ಕೈ ಬಿಚ್ಚುತ್ತಿಲ್ಲ. ಜನರಲ್ಲಿ ಭಕ್ತಿ ಕಡಿಮೆಯಾಯಿತೇ, ಅಥವಾ ನಾವು ಕೇಳುವ ರೀತಿಯೇ ಸರಿಯಿಲ್ಲವೇ?

ಉತ್ತರ: ಭಕ್ತಿಯನ್ನು ತೂಗುವ ತಕ್ಕಡಿ ಯಾರಲ್ಲೂ ಇಲ್ಲ, ಅದನ್ನು ಬಿಡಿ. ಕೇಳುವ ರೀತಿಯಲ್ಲಿ ಒಂದು ದೊಡ್ಡ ತಪ್ಪಿದೆ, ಅದಕ್ಕೆ ಆಮೇಲೆ ಬರೋಣ. ಅದಕ್ಕಿಂತ ಮೊದಲು ನೋಡಬೇಕಾದದ್ದು ನಡುವೆ ಕಳೆದ ಆ ಮೂರು ವರ್ಷವನ್ನು. ಭವನಕ್ಕೆ ಕೊಟ್ಟವರಿಗೆ ಅಂದು ರಸೀದಿ ಸಿಕ್ಕಿರಬಹುದು, ಉದ್ಘಾಟನೆಯ ದಿನ ಬಿರಿಯಾನಿಯೂ ಸಿಕ್ಕಿರಬಹುದು. ಆದರೆ ಒಟ್ಟು ಎಷ್ಟು ಬಂತು, ಎಷ್ಟು ಖರ್ಚಾಯಿತು, ಉಳಿದದ್ದು ಎಲ್ಲಿದೆ ಎಂದು ಯಾರಾದರೂ ಹೇಳಿದ್ದಾರೆಯೇ? ಹೇಳಿರದಿದ್ದರೆ ನಿಮ್ಮಿಂದ ಅವರಿಗೆ ಬಂದ ಮುಂದಿನ ಮಾತು ಮತ್ತೆ 'ಕೊಡಿ' ಎಂಬುದೇ ಆಗಿರುತ್ತದೆ. 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ಗಾದೆ ನೆನಪಾಗುವುದು ಆಗಲೇ. ಜನ ಜಗಳ ಆಡುವುದಿಲ್ಲ. ಕಾಣಿಕೆ ತಟ್ಟೆ ಬಂದಾಗ ಹತ್ತು ರೂಪಾಯಿ ಹಾಕಿ ಸುಮ್ಮನಾಗುತ್ತಾರೆ.

ಹಾಗಾಗಿ ಚಾವಣಿಯ ಮಾತು ಒಂದು ತಿಂಗಳು ನಿಲ್ಲಲಿ. ಮೊದಲು ಭವನದ ಲೆಕ್ಕ ಕೊಡಿ.

ಇದು ದೊಡ್ಡ ಮನಸ್ಸಿನ ಪ್ರಶ್ನೆಯಲ್ಲ, ಕಥೋಲಿಕ ಧರ್ಮಸಭೆಯ ಕಾನೂನೇ ಹೇಳುವ ಮಾತು. 1983ರ ಕ್ಯಾನನ್ ಕಾನೂನಿನ 1287ನೇ ವಿಧಿಯಂತೆ, ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು. ಯಾವ ಉದ್ದೇಶಕ್ಕೆಂದು ಕೊಟ್ಟರೋ ಅದಕ್ಕೇ ಬಳಸಬೇಕು ಎನ್ನುವುದು 1267ನೇ ವಿಧಿ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಕಡ್ಡಾಯ ಎನ್ನುವುದು 537. ಭವನದ ನಿಧಿಯಲ್ಲಿ ಒಂದೂವರೆ ಲಕ್ಷ ಉಳಿದು ಅದು ಸದ್ದಿಲ್ಲದೆ ಹಬ್ಬದ ದೀಪಾಲಂಕಾರಕ್ಕೆ ಹೋಗಿದ್ದರೆ, ಅದನ್ನೂ ಬರೆಯಿರಿ. ಮುಚ್ಚಿಟ್ಟರೆ ಅದೇ ಒಂದೂವರೆ ಲಕ್ಷ ಜನರ ಬಾಯಲ್ಲಿ ಹದಿನೈದು ಲಕ್ಷವಾಗಿ ಬೆಳೆದಿರುತ್ತದೆ.

ಲೆಕ್ಕ ಒಂದೇ ಪುಟದಲ್ಲಿರಲಿ: ಬಂದದ್ದು, ಖರ್ಚಾದದ್ದು, ಉಳಿದದ್ದು. ಖರ್ಚಿನಲ್ಲಿ ಸಿಮೆಂಟು, ಕಬ್ಬಿಣ, ಕೂಲಿ, ವಿದ್ಯುತ್ ಕೆಲಸ ಬೇರೆ ಬೇರೆಯಾಗಿ ಕಾಣಬೇಕು. 'ಇತರೆ ಖರ್ಚು' ಎಂಬ ಸಾಲಿನ ಮೇಲೆಯೇ ಎಲ್ಲರ ಕಣ್ಣು ಬೀಳುವುದು. ಅದು ಒಟ್ಟು ಖರ್ಚಿನ ನೂರಕ್ಕೆ ಎರಡು ಪಾಲನ್ನು ದಾಟಿದರೆ ಬಿಡಿಸಿ ಬರೆಯಿರಿ. ನಿಮ್ಮಲ್ಲಿ ಯಾವ ಯಾವ ಭಾಷೆಯ ಪೂಜೆ ನಡೆಯುತ್ತದೋ ಅಷ್ಟೂ ಭಾಷೆಯಲ್ಲಿ ಹಾಕಿ. ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ, ಮಲಯಾಳಂ ಎಂದು ಹಂಚಿಹೋಗಿರುವ ಈ ಊರಿನ ಧರ್ಮಕೇಂದ್ರಗಳಲ್ಲಿ ಒಂದು ಭಾಷೆಯವರಿಗೆ ಮಾತ್ರ ಲೆಕ್ಕ ಓದಿ ಹೇಳುವುದೆಂದರೆ ಉಳಿದವರಿಗೆ 'ಇದು ನಿಮ್ಮ ಮನೆಯಲ್ಲ' ಎಂದಂತೆ.

ಮನೆಗೆ ಇಷ್ಟು ಎಂಬ ಲೆಕ್ಕ ಏಕೆ ಕೆಡುತ್ತದೆ

ಆ ದೊಡ್ಡ ತಪ್ಪು ಇದೇ. 20 ಲಕ್ಷವನ್ನು 600ರಿಂದ ಭಾಗಿಸಿದರೆ ಮನೆಗೆ 3,333. ನ್ಯಾಯವಾಗಿಯೇ ಕಾಣುತ್ತದೆ. ಆದರೆ 50,000 ಕೊಡಬಲ್ಲ ಮನೆಯೂ 3,333 ಕೊಟ್ಟು 'ನಮ್ಮ ಪಾಲು ಮುಗಿಯಿತು' ಎನ್ನುತ್ತದೆ. ಮನೆಗೆಲಸ ಮಾಡಿ ಬದುಕುವ ತಾಯಿ ಅಷ್ಟು ಹೊಂದಿಸಲಾಗದೆ, ಯಾರಾದರೂ ಕೇಳಿಬಿಟ್ಟಾರೆಂದು ಪೂಜೆಗೇ ಬರುವುದನ್ನು ಬಿಡುತ್ತಾರೆ. ಮೇಲಿನವರ ಕೊಡುಗೆಗೆ ಮಿತಿ ಹಾಕಿ ಕೆಳಗಿನವರನ್ನು ಓಡಿಸುವ ಲೆಕ್ಕ ಇದು. ಬಡ ವಿಧವೆ ಎರಡು ಸಣ್ಣ ನಾಣ್ಯ ಹಾಕಿದ ಪ್ರಸಂಗವನ್ನು ಮಾರ್ಕನ ಶುಭಸಂದೇಶದಿಂದ ಓದಿ, ಅದೇ ಭಾನುವಾರ ಬಾಗಿಲಲ್ಲಿ ಬಾಕಿದಾರರ ಪಟ್ಟಿ ಅಂಟಿಸುವುದು ಹೇಗೆ ಕಾಣುತ್ತದೆ ಯೋಚಿಸಿ.

ಸಮಪಾಲಿನ ಬದಲು ಮೆಟ್ಟಿಲು ಕಟ್ಟಿ. 600 ಕುಟುಂಬಗಳಿಗೆ ಹೊಂದುವ ಒಂದು ಮಾದರಿ ಹೀಗಿರಬಹುದು: ಒಂದೂವರೆ ಲಕ್ಷ ಕೊಡುವ 2 ಮನೆ, 50,000ದ 8 ಮನೆ, 20,000ದ 25, 8,000ದ 50, 3,000ದ 90, 1,000ದ 130. ಕೂಡಿಸಿದರೆ ಸರಿಯಾಗಿ 20 ಲಕ್ಷ. ಅಂದರೆ 305 ಮನೆಗಳು ಸಾಕು. ಉಳಿದ ಅರ್ಧದಷ್ಟು ಮನೆಗಳು ಏನೂ ಕೊಡದಿದ್ದರೂ ಚಾವಣಿ ನಿಲ್ಲುತ್ತದೆ. ಕೊಡದವರ ಮೇಲೆ ಒತ್ತಡ ಹಾಕುವ ಅಗತ್ಯವೇ ಬೀಳದ ಹಾಗೆ ಲೆಕ್ಕ ಇಟ್ಟುಕೊಳ್ಳುವುದೇ ಜಾಣತನ.

ಗಮನಿಸಿ, ಮೇಲಿನ 35 ಮನೆಗಳಿಂದಲೇ 12 ಲಕ್ಷ ಬರುತ್ತದೆ. ಈ 35 ಮನೆಗಳಿಗೆ ಮೈಕಿನ ಪ್ರಕಟಣೆ ಸಾಲದು. ಗುರುಗಳು ಮತ್ತು ಹಣಕಾಸು ಸಮಿತಿಯ ಒಬ್ಬರು, ಮೊದಲೇ ಸಮಯ ಕೇಳಿ ಹೋಗಬೇಕು. ಇಂಜಿನಿಯರ್ ಕೊಟ್ಟ ಅಂದಾಜು ಪಟ್ಟಿ, ಸೋರುವ ಜಾಗದ ಫೋಟೊ ಕೈಯಲ್ಲಿರಲಿ. ಮೊತ್ತವನ್ನು ಹೆಸರಿಸಿಯೇ ಕೇಳಿ: 'ನಿಮ್ಮಿಂದ 20,000 ಆಗಬಹುದೇ, ಹತ್ತು ತಿಂಗಳ ಕಂತಿನಲ್ಲಿ?' 'ನಿಮ್ಮ ಕೈಲಾದಷ್ಟು ಕೊಡಿ' ಎಂದರೆ ಕೇಳಿಸಿಕೊಂಡವರು ಗೊಂದಲಕ್ಕೆ ಬಿದ್ದು, ಕೊನೆಗೆ ಪಕ್ಕದ ಮನೆಯವರು ಎಷ್ಟು ಕೊಟ್ಟರೆಂದು ವಿಚಾರಿಸುತ್ತಾರೆ. ಕೇಳಿದ ಮೇಲೆ ಸುಮ್ಮನಿರಿ, ಅಲ್ಲೇ ಉತ್ತರ ಬೇಡ. ಹೋಗುವ ಸಮಿತಿ ಸದಸ್ಯರು ಮೊದಲು ತಮ್ಮ ಪಾಲು ಕೊಟ್ಟಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಒಂದು ಎಚ್ಚರಿಕೆ. ಮನೆ ಆಶೀರ್ವಾದಕ್ಕೋ ರೋಗಿಯನ್ನು ನೋಡಲಿಕ್ಕೋ ಹೋದಾಗ ಚಂದಾ ಮಾತು ಎತ್ತಬೇಡಿ. ಒಮ್ಮೆ ಎತ್ತಿದರೆ ಮುಂದೆ ಗುರುಗಳ ಬೈಕು ಬೀದಿಗೆ ಬಂದಾಗಲೆಲ್ಲ ಜನ ಪರ್ಸು ಮುಟ್ಟಿ ನೋಡಿಕೊಳ್ಳುತ್ತಾರೆ. ಇನ್ನು ಚಂದಾ ಬಾಕಿಯಿದೆ ಎಂದು ಸ್ನಾನದೀಕ್ಷೆ, ಮದುವೆ, ಪ್ರಮಾಣಪತ್ರಗಳನ್ನು ತಡೆಹಿಡಿಯುವುದಂತೂ ಕೂಡದು. ಬಡತನದ ಕಾರಣಕ್ಕೆ ಯಾರಿಗೂ ಸಂಸ್ಕಾರಗಳ ನೆರವು ತಪ್ಪಬಾರದೆಂದು 848ನೇ ವಿಧಿ ಹೇಳುತ್ತದೆ.

ಬೆಂಗಳೂರಿಗೇ ಅಂಟಿದ ಎರಡು ತೊಡಕುಗಳೂ ಇವೆ. ಬಾಡಿಗೆ ಮನೆಯವರು ಹೆಚ್ಚು. ಹನ್ನೊಂದು ತಿಂಗಳ ಕರಾರು ಮುಗಿದರೆ ಕುಟುಂಬ ಬೇರೆ ಬಡಾವಣೆಗೆ ಹೋಗಿರುತ್ತದೆ. ಮೂರು ವರ್ಷ ಹಳೆಯ ಕುಟುಂಬ ಪಟ್ಟಿ ಹಿಡಿದು ಹೊರಟರೆ ಎಷ್ಟೋ ಬಾಗಿಲಲ್ಲಿ ಬೇರೆಯವರ ಚಪ್ಪಲಿ ಇರುತ್ತದೆ. ಕಿರು ಕ್ರೈಸ್ತ ಸಮುದಾಯಗಳ, ಅಂದರೆ ಧರ್ಮಕೇಂದ್ರದೊಳಗಿನ ನೆರೆಹೊರೆಯ ಗುಂಪುಗಳ, ಮುಖ್ಯಸ್ಥರಿಂದ ಮೊದಲು ಪಟ್ಟಿ ತಿದ್ದಿಸಿ. ಎರಡನೆಯದು, ಮಂಗಳೂರು, ಹಾಸನ, ಕೋಲಾರ, ಕೊಳ್ಳೇಗಾಲದ ಕಡೆಯಿಂದ ಬಂದ ಮನೆಗಳು ಊರಿನ ಚರ್ಚಿನ ಹಬ್ಬಕ್ಕೂ ಚಂದಾ ಕಳಿಸುತ್ತಿರುತ್ತವೆ. ಅದನ್ನು ಇಲ್ಲಿನ ನಷ್ಟವೆಂದು ಗೊಣಗಬೇಡಿ. ಕೊಡುವ ರೂಢಿ ಇರುವ ಮನೆ ಅದು ಎಂದು ತಿಳಿಯಿರಿ.

ಶಿವಾಜಿನಗರದ ಸಂತ ಮೇರಿ ಬಸಿಲಿಕಾ, ವಿವೇಕನಗರದ ಬಾಲಯೇಸು ದೇವಾಲಯಗಳ ಹುಂಡಿ ನೋಡಿ 'ಅಲ್ಲಿ ಬರುತ್ತದಲ್ಲ' ಎನ್ನುವವರಿದ್ದಾರೆ. ಆ ಹೋಲಿಕೆ ನಿಲ್ಲದು. ಸೆಪ್ಟೆಂಬರ್ 8ರ ಮಾತೆ ಮೇರಿಯ ಹಬ್ಬಕ್ಕೋ ಗುರುವಾರದ ನೊವೇನ ಪ್ರಾರ್ಥನೆಗೋ ಅಲ್ಲಿಗೆ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಅದು ಯಾತ್ರಿಕರ ಕಾಣಿಕೆ, ಹೆಸರು ಹೇಳದೆ ಹಾಕಿ ಹೋಗುವಂಥದ್ದು. ನಿಮ್ಮದು ಮುಖ ಪರಿಚಯದ ಊಟದ ಪಂಕ್ತಿ.

ಹಣ ಮುಟ್ಟುವ ಕೈಗಳು

ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ಕೊರಿಂಥದಲ್ಲಿ ಹಣ ಕೂಡಿಸಿದಾಗ ತೀತನ ಜೊತೆ ಇನ್ನಿಬ್ಬರು ಸಹೋದರರನ್ನು ಕಳಿಸಿದರು, ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸದಿರಲಿ ಎಂಬ ಕಾರಣಕ್ಕೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ ಇದಿದೆ. ನೀವೂ ಮೂವರನ್ನು ಇಡಿ. ಎಣಿಸುವ ಮೂವರು ಒಂದೇ ಮನೆಯವರಾಗಿರಬಾರದು, ಪ್ರತಿ ತಿಂಗಳು ಬದಲಾಗಬೇಕು. ಎಣಿಕೆ ಹಾಳೆಯಲ್ಲಿ 500, 200, 100, 50ರ ನೋಟುಗಳು ಎಷ್ಟೆಷ್ಟು, ಚಿಲ್ಲರೆ ಎಷ್ಟು ಎಂದು ಬರೆದು ಮೂವರೂ ಸಹಿ ಹಾಕಬೇಕು. ಹಣ ಮರುದಿನವೇ ಬ್ಯಾಂಕಿಗೆ ಹೋಗಬೇಕು. ಬಂದ ನಗದಿನಲ್ಲೇ ಮೇಸ್ತ್ರಿಗೆ ಕೂಲಿ ಕೊಟ್ಟು ಉಳಿದದ್ದನ್ನು ಜಮಾ ಮಾಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಯಾರೂ ಒಂದು ರೂಪಾಯಿ ತಿನ್ನದಿದ್ದರೂ ಆ ಲೆಕ್ಕ ಕೂಡುವುದಿಲ್ಲ.

ಚಾವಣಿಗೆ ಬೇರೆ ಖಾತೆ, ಕ್ರಮಸಂಖ್ಯೆ ಇರುವ ಬೇರೆ ರಸೀದಿ ಪುಸ್ತಕ ಇರಲಿ. ತಮ್ಮ ಕೋರಿಕೆಗಾಗಿ ಪೂಜೆ ಅರ್ಪಿಸಲು ಜನ ಹೆಸರು ಬರೆಸಿ ಕೊಟ್ಟ ಕಾಣಿಕೆ ಇದಕ್ಕೆ ಸೇರಕೂಡದು, ಅದರ ನಿಯಮಗಳೇ ಬೇರೆ. ಕ್ಯೂಆರ್ ಕೋಡ್ ಅಂಟಿಸಿದ್ದರೆ ಪ್ರತಿ ಭಾನುವಾರ ಮೊದಲ ಪೂಜೆಗೆ ಮುನ್ನ ಒಂದು ರೂಪಾಯಿ ಕಳಿಸಿ, ಪರದೆಯಲ್ಲಿ ಚರ್ಚಿನ ಹೆಸರು ಬರುತ್ತದೆಯೇ ನೋಡಿ. ಅದರ ಮೇಲೆ ಬೇರೆಯವರ ಚೀಟಿ ಅಂಟಿಸಿ ಹೋಗುವ ಕಳ್ಳರಿಗೆ ಹುಂಡಿ ಒಡೆಯುವ ಶ್ರಮವೂ ಬೇಕಿಲ್ಲ.

'80ಜಿ ಸಿಗುತ್ತದಾ?', ಅಂದರೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ಕಡಿತ ಇದೆಯೇ ಎಂದು ಸಾಫ್ಟ್‌ವೇರ್ ಮಂದಿ ಖಂಡಿತ ಕೇಳುತ್ತಾರೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ಕಡಿತವೇ ಇಲ್ಲ. ಹಳೆಯ ಪದ್ಧತಿಯಲ್ಲಿರುವವರಿಗೂ 2,000 ಮೀರಿದ ನಗದಿಗೆ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಬರೀ ಧಾರ್ಮಿಕ ಉದ್ದೇಶದ ನಿಧಿಗೆ ಸಾಮಾನ್ಯವಾಗಿ ಈ ನೋಂದಣಿ ಇರುವುದಿಲ್ಲ. ಹಾಗೆಂದು ಪರಿಚಯದ ಸಮಾಜಸೇವಾ ಟ್ರಸ್ಟಿನ ಹೆಸರಲ್ಲಿ ರಸೀದಿ ಹರಿದು ಹಣವನ್ನು ಚಾವಣಿಗೆ ತಿರುಗಿಸಬೇಡಿ. ಅಂಥ ಟ್ರಸ್ಟು ವರ್ಷದ ಆದಾಯದಲ್ಲಿ ಶೇ. 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕೆಲಸಕ್ಕೆ ಬಳಸಿದರೆ ಅದರ ನೋಂದಣಿಗೇ ಕುತ್ತು. 'ಇಲ್ಲ, ತೆರಿಗೆ ರಿಯಾಯಿತಿ ಸಿಗುವುದಿಲ್ಲ' ಎಂದು ನೇರವಾಗಿ ಹೇಳಿ. ಆ ಒಂದು ಕಾರಣಕ್ಕೆ ಚಾವಣಿಗೆ ಕೊಡದೆ ಹೋಗುವವರು ಕಡಿಮೆ. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತೆಯೂ ಇಲ್ಲ.

ವಿದೇಶದಲ್ಲಿರುವ ಮಕ್ಕಳ ಹಣದಲ್ಲಿ ಇನ್ನೂ ಹುಷಾರಾಗಿರಬೇಕು. ದುಬೈಯಲ್ಲಿ ದುಡಿಯುವ ಮಗ ಭಾರತೀಯ ಪಾಸ್‌ಪೋರ್ಟಿನವನಾಗಿದ್ದು, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಕೆನಡಾದ ಪೌರತ್ವ ಪಡೆದ ಮಗಳು ಕಳಿಸಿದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ, ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗಲ್ಲದೆ ಬೇರೆಡೆ ಅದನ್ನು ಪಡೆಯುವಂತಿಲ್ಲ. ನೋಂದಣಿ ಇರುವ ಬೇರೆ ಸಂಸ್ಥೆ ಪಡೆದು ನಿಮಗೆ ದಾಟಿಸುವುದಕ್ಕೂ 2020ರ ತಿದ್ದುಪಡಿಯಿಂದ ಅವಕಾಶವಿಲ್ಲ. ಚರ್ಚಿನ ವಾಟ್ಸ್ಯಾಪ್ ಗುಂಪಿನಲ್ಲಿ ಖಾತೆ ಸಂಖ್ಯೆ ಹಾಕುವಾಗ ಈ ವಿಷಯವನ್ನೂ ಎರಡು ಸಾಲಲ್ಲಿ ಬರೆಯಿರಿ.

ಕೊಟ್ಟ ಮೇಲೆ

ಹಣ ಬಂದ ಒಂದು ವಾರದೊಳಗೆ ಸಮಿತಿಯಿಂದ ಒಂದು ಫೋನು ಹೋಗಲಿ. 3,000 ಮತ್ತು ಮೇಲಿನ ಮೆಟ್ಟಿಲಿನವರಿಗೆ ಗುರುಗಳ ಕೈಬರಹದ ನಾಲ್ಕು ಸಾಲೂ ಹೋಗಲಿ. ಆ ಪತ್ರದಲ್ಲಿ ಮತ್ತೇನನ್ನೂ ಕೇಳಬೇಡಿ. ಕೆಲಸ ನಡೆಯುವಾಗ ತಿಂಗಳಿಗೊಮ್ಮೆ ಫೋಟೊ ಮತ್ತು ಅದೇ ಒಂದು ಪುಟದ ಲೆಕ್ಕ. ಕಂತು ತಪ್ಪಿಸಿದವರ ಹೆಸರನ್ನು ಎಲ್ಲೂ ಹಾಕಬೇಡಿ. ಒಬ್ಬರೇ ಹೋಗಿ ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು ವಿಚಾರಿಸಿ. ಕೆಲಸ ಹೋಗಿರಬಹುದು, ಆಸ್ಪತ್ರೆ ಖರ್ಚು ಬಂದಿರಬಹುದು. ಆಗ ಆ ಮನೆಗೆ ಬಡವರಿಗೆ ನೆರವಾಗುವ ವಿನ್ಸೆಂಟ್ ದಿ ಪಾಲ್ ಸಭೆಯವರನ್ನು ಕಳಿಸಿ, ರಸೀದಿ ಪುಸ್ತಕ ಆಚೆಗಿರಲಿ.

ಗೋಡೆಯ ಮೇಲೆ ದಾನಿಗಳ ಕಲ್ಲು ಬೇಕೇ? ನಮ್ಮ ಅಭಿಪ್ರಾಯದಲ್ಲಿ ಮೊತ್ತ ಬರೆಯಬಾರದು. ಬರೆಯಲೇಬೇಕೆಂದರೆ ಕೊಟ್ಟವರೆಲ್ಲರ ಹೆಸರು ಅಕಾರಾದಿಯಾಗಿ ಇರಲಿ, 1,000 ಕೊಟ್ಟವರದೂ. ಬೇಡವೆಂದವರನ್ನು ಬಿಟ್ಟುಬಿಡಿ.

ಗುರುಗಳು ಕೆಲವು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ಅವರು ದಾನಿಗೆ ಬಾಯಲ್ಲಿ ಕೊಟ್ಟ ಮಾತು ಅವರ ಜೊತೆಗೇ ಹೋಗಿಬಿಡುತ್ತದೆ. ಹಾಗಾಗಿ ಮನವಿ ಪತ್ರದಲ್ಲೇ ಎಲ್ಲ ಇರಲಿ: ಏನು ಕೆಲಸ, ಎಷ್ಟು ಹಣ, ಹೆಚ್ಚು ಬಂದರೆ ಯಾವುದಕ್ಕೆ, ಕಡಿಮೆ ಬಿದ್ದರೆ ಯಾವ ಭಾಗವನ್ನು ಕೈಬಿಡುತ್ತೀರಿ. 'ಚಾವಣಿ ಮತ್ತು ಉಳಿದರೆ ಅದಕ್ಕೆ ಸೇರಿದ ದುರಸ್ತಿ' ಎಂದು ಬರೆದಿದ್ದರೆ 1267ನೇ ವಿಧಿ ಮುಂದೆ ನಿಮ್ಮ ಕೈ ಕಟ್ಟುವುದಿಲ್ಲ. ದೈನಂದಿನ ಆಡಳಿತವನ್ನು ಮೀರಿದ ಖರ್ಚಿಗೆ ಧರ್ಮಾಧ್ಯಕ್ಷರ (ಬಿಷಪ್) ಲಿಖಿತ ಅನುಮತಿ ಬೇಕು, ಅದನ್ನು ಚಂದಾಕ್ಕೆ ಮೊದಲೇ ಪಡೆಯಿರಿ.

ಇನ್ನು ಸಮಯ. ಬೆಂಗಳೂರಿನಲ್ಲಿ ಚಾವಣಿ ಬಿಚ್ಚಲು ಜನವರಿಯಿಂದ ಮಾರ್ಚ್ ಒಳ್ಳೆಯದು, ಏಪ್ರಿಲ್‌ನಲ್ಲಿ ಗುಡುಗು ಮಳೆ ಶುರು. ಅಲ್ಲಿಂದ ಹಿಂದಕ್ಕೆ ಎಣಿಸಿ. ಸೆಪ್ಟೆಂಬರ್ ಕೊನೆಯಲ್ಲಿ ಭವನದ ಲೆಕ್ಕ. ಅಕ್ಟೋಬರಿನಲ್ಲಿ ಆ 35 ಮನೆಗಳ ಭೇಟಿ. ಆ ತಿಂಗಳ ಮಿಷನ್ ಭಾನುವಾರದ ಕಾಣಿಕೆ ಧರ್ಮಕೇಂದ್ರದಲ್ಲಿ ಉಳಿಯುವಂಥದ್ದಲ್ಲ, ಅಂದು ಚಾವಣಿಯ ಮಾತು ಬೇಡ. ನವೆಂಬರ್ ಎರಡನೇ ವಾರ, ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲಕ್ಕೆ ಮುನ್ನ, ಎಲ್ಲ ಪೂಜೆಗಳಲ್ಲೂ ಇಷ್ಟು ಕೊಡುತ್ತೇವೆಂದು ಬರೆದುಕೊಡುವ ವಾಗ್ದಾನ ಚೀಟಿ. ಆ ಹೊತ್ತಿಗೆ 35 ಮನೆಗಳಿಂದ ಬಂದ ಭರವಸೆ ಎಷ್ಟೆಂದು ಹೆಸರಿಲ್ಲದೆ ಹೇಳಬಹುದು. ಅರ್ಧ ದಾಟಿದೆ ಎಂದರೆ ಉಳಿದವರಿಗೆ ಧೈರ್ಯ. ಡಿಸೆಂಬರಿನಲ್ಲಿ ಕೇಳಬೇಡಿ, ಮನೆಮನೆಯಲ್ಲೂ ಕ್ರಿಸ್ಮಸ್ ಖರ್ಚು. ಕೈಯಲ್ಲಿ 12 ಲಕ್ಷ ಬಂದು, ಮೂರು ಕಡೆಯಿಂದ ದರಪಟ್ಟಿ ಪಡೆದಿದ್ದರೆ ಜನವರಿಯಲ್ಲಿ ಹೆಂಚಿಗೆ ಕೈ ಹಾಕಿ. ಅಷ್ಟು ಬರದಿದ್ದರೆ ಗರ್ಭಗುಡಿಯ ಮೇಲಿನ ಭಾಗವನ್ನಷ್ಟೇ ಈ ವರ್ಷ ಮುಗಿಸಿ, ಉಳಿದದ್ದಕ್ಕೆ ಟಾರ್ಪಾಲು ಹೊದಿಸಿ. ಅರ್ಧ ಬಿಚ್ಚಿದ ಚಾವಣಿಯ ಕೆಳಗೆ ಕೂತು ಸಾಲಕ್ಕೆ ಅಲೆಯುವುದಕ್ಕಿಂತ ಅದು ವಾಸಿ.